ಪ್ಯಾಕೇಜಿಂಗ್ ಅಂದ್ರೆ ಎಂತ? ವಿಂಡೋಸಿಗೆ ಜಿಟಿಕೆ ಬುತ್ತಿ ಕಟ್ಟೋ ಕೆಲ್ಸ

ಅಡಿಕೆ ಸುಲಿಯೋ ಸೀಸನ್ನಲ್ಲಿ ತೀರ್ಥಹಳ್ಳಿ ಕಡೆ ಇರೋ ನಮ್ಮ ಭಾವಂಗೆ ಒಂದು ಸಣ್ಣ ಪ್ರೋಗ್ರಾಂ ಬರ್ದು ಕೊಟ್ಟಿದ್ದೆ. ರಾತ್ರಿ ಮೆಟ್ಟುಗತ್ತಿ ಹಾಕ್ಕೊಂಡು ಕೂತವರು ಯಾರ್ಯಾರು ಎಷ್ಟು ಡಬ್ಬ ಸುಲಿದ್ರು, ಕೂಲಿ ಎಷ್ಟಾಯ್ತು, ಮುಂಗಡ ಎಷ್ಟು ಹೋಗಿದೆ, ಇಷ್ಟೇ ಲೆಕ್ಕ. ಶಿವಮೊಗ್ಗದಲ್ಲಿ ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡ್ತಿತ್ತು, ಹಂಗಾಗಿ ಆ ಒಂದು ಇಎಕ್ಸ್‌ಇ ಫೈಲ್ ಪೆನ್‌ಡ್ರೈವಿಗೆ ಹಾಕಿ ಊರಿಗೆ ಹೋಗೋರ ಕೈಲಿ ಕಳ್ಸಿದೆ. ಸಂಜೆ ಭಾವನ ಫೋನು. "ಏ ಮಾರಾಯ, ನಿನ್ ಪ್ರೋಗ್ರಾಂ ಓಪನ್ನೇ ಆಗ್ತಿಲ್ಲ, ಎಂತದೋ ಡಿಎಲ್‌ಎಲ್ ಸಿಕ್ಕಲಿಲ್ಲ ಅಂತ ಬರ್ತಿದೆ. ಅದೆಂತದು, ಎಲ್ಲಿಂದ ಹಾಕ್ಕೋಬೇಕು?" ಸ್ಕ್ರೀನಿನ ಫೋಟೋ ಕಳ್ಸಿ ಭಾವ ಅಂದೆ, ಕಳ್ಸಿದ್ರು. ಲಿಬ್‌ಜಿಟಿಕೆ-4-1.ಡಿಎಲ್‌ಎಲ್ ಸಿಗ್ತಿಲ್ಲ, ಪ್ರೋಗ್ರಾಂ ಮುಂದುವರಿಯೋಕಾಗಲ್ಲ ಅಂತ ಇತ್ತು. ಡಿಎಲ್‌ಎಲ್ ಅಂದ್ರೆ ಪ್ರೋಗ್ರಾಮಿಗೆ ಬೇಕಾದ ಕೋಡನ್ನ ಬೇರೆಯಾಗಿ ಇಟ್ಟಿರೋ ಲೈಬ್ರರಿ ಫೈಲು. ಆ ಒಂದು ಫೈಲ್ ಕಳ್ಸಿದೆ, ಅದು ಇನ್ನೊಂದು ಫೈಲ್ ಕೇಳ್ತು. ಅದನ್ನೂ ಕಳ್ಸಿದೆ, ಮತ್ತೊಂದು ಕೇಳ್ತು. ಅವರ ಮನೆ ಹತ್ರ ಇಂಟರ್‌ನೆಟ್ ಬೇಕಂದ್ರೆ ತೋಟ ದಾಟಿ ಗುಡ್ಡದ ತಲೆಗೆ ಹೋಗ್ಬೇಕು, ಪಾಪ ಭಾವ ಮೂರು ಸಲ ಹತ್ತಿ ಇಳಿದ್ರು, ನಾಲ್ಕನೇ ಸಲ ಹೋಗಿ ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ.

ಪ್ಯಾಕೇಜಿಂಗ್ ಅನ್ನೋ ಪದದ ಅರ್ಥ ನಂಗೆ ಗೊತ್ತಾಗಿದ್ದು ಅವತ್ತು. ಅಲ್ಲೀವರೆಗೆ ಅದು ಜಿಪ್ ಮಾಡೋದಕ್ಕೆ ಇರೋ ಇನ್ನೊಂದು ಹೆಸರು ಅಂದ್ಕೊಂಡಿದ್ದೆ.

ಕನ್ನಡದಲ್ಲಿ ಕೆಲವ್ರು ಪ್ಯಾಕೇಜಿಗೆ ಪೊಟ್ಟಣ ಅಂತಾರೆ. ತಪ್ಪೇನಿಲ್ಲ, ಆದ್ರೆ ಪೊಟ್ಟಣ ಅಂದ್ರೆ ಅಂಗಡಿಯವ್ರು ಪೇಪರಲ್ಲಿ ಸುತ್ತಿ ಕೊಡೋದು, ಒಳಗೆ ಏನಿದೆಯೋ ಅದು ಹೊರಗೆ ಚೆಲ್ಲದೆ ಇದ್ರೆ ಆಯ್ತು. ನಂಗೆ ಬುತ್ತಿ ಅನ್ನೋ ಪದ ಹೆಚ್ಚು ಸರಿ ಅನ್ಸುತ್ತೆ. ಬುತ್ತಿ ಕಟ್ಟೋರು ಉಣ್ಣೋನು ಯಾರು, ಎಲ್ಲಿ ಕೂತು ಉಣ್ತಾನೆ, ಅಲ್ಲಿ ನೀರು ಸಿಗುತ್ತೋ ಇಲ್ವೋ, ಮಧ್ಯಾಹ್ನದವರೆಗೆ ಹಳಸದೆ ಇರುತ್ತೋ ಅಂತ ಯೋಚ್ನೆ ಮಾಡೇ ಕಟ್ಟೋದು. ಸಾಫ್ಟ್‌ವೇರಲ್ಲೂ ಪ್ಯಾಕೇಜಿಂಗ್ ಅಂದ್ರೆ ಇದೇ, ನಮ್ಮ ಮಷೀನಲ್ಲಿ ಓಡಿದ್ದು ನಾವು ಕಣ್ಣಲ್ಲಿ ನೋಡದೇ ಇರೋ ಮಷೀನಲ್ಲೂ ಓಡ್ಬೇಕು ಅಂದ್ರೆ ಅದಕ್ಕೆ ಏನೇನು ಜೊತೆಗೆ ಹೋಗ್ಬೇಕೋ ಅದನ್ನೆಲ್ಲ ಗುರುತಿಸಿ, ಸರಿಯಾದ ಜಾಗದಲ್ಲಿ ಇಟ್ಟು, ಹೆಂಗೆ ಬಿಚ್ಚೋದು ಅಂತ ಬರ್ದು ಕೊಡೋದು. ಆ ಬರ್ದು ಕೊಡೋದು ಅನ್ನೋದನ್ನೂ ನಾನು ಪ್ಯಾಕೇಜಿಂಗಿನ ಒಳಗೇ ಸೇರಿಸ್ತೀನಿ, ಯಾಕೆ ಅಂತ ಮುಂದೆ ಬರುತ್ತೆ.

ಮೊದ್ಲು ಟೂಲ್‌ಕಿಟ್ ಅಂದ್ರೇನು ಅಂತ ಸ್ವಲ್ಪ. ವಿಂಡೋ, ಬಟನ್, ಮೆನು, ಟೈಪ್ ಮಾಡೋ ಬಾಕ್ಸು, ಇವನ್ನೆಲ್ಲ ಪ್ರತಿ ಪ್ರೋಗ್ರಾಮರೂ ಮೊದಲಿಂದ ಬರೆಯೋಕಾಗಲ್ಲ, ಒಂದ್ಸಲ ಬರೆದಿಟ್ಟ ಲೈಬ್ರರಿ ಬಳಸ್ತಾರೆ, ಅದೇ ಗ್ರಾಫಿಕಲ್ ಟೂಲ್‌ಕಿಟ್. ಕ್ಯೂಟಿ, ಡಬ್ಲ್ಯುಎಕ್ಸ್‌ವಿಜೆಟ್ಸ್, ಎಫ್‌ಎಲ್‌ಟಿಕೆ ಹೀಗೆ ಓಪನ್ ಸೋರ್ಸಲ್ಲಿ ಸುಮಾರಿದಾವೆ, ನಾನು ಬಳಸೋದು ಜಿಟಿಕೆ. 1990ರ ದಶಕದ ಮಧ್ಯದಲ್ಲಿ ಬರ್ಕ್ಲಿ ಯೂನಿವರ್ಸಿಟಿಲಿ ಓದ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಗಿಂಪ್ ಅನ್ನೋ ಚಿತ್ರ ತಿದ್ದೋ ಪ್ರೋಗ್ರಾಂ ಬರೆದ್ರು, ಮೊದ್ಲು ಮೋಟಿಫ್ ಅನ್ನೋ ಟೂಲ್‌ಕಿಟ್ ಬಳಸಿದ್ರು, ಅದು ಸರಿಬರದೆ ತಮ್ಮದೇ ಒಂದು ಮಾಡ್ಕೊಂಡ್ರು, ಗಿಂಪ್ ಟೂಲ್‌ಕಿಟ್ ಅನ್ನೋದರಿಂದಾನೇ ಜಿಟಿಕೆ ಅನ್ನೋ ಹೆಸರು. 1.0 ಬಂದಿದ್ದು 1998ರಲ್ಲಿ, ಈಗಿನ ಜಿಟಿಕೆ 4 ಸರಣಿ ಶುರುವಾಗಿದ್ದು 2020ರ ಡಿಸೆಂಬರಲ್ಲಿ. ಅದು ಹುಟ್ಟಿದ್ದು ಯುನಿಕ್ಸ್ ಕಡೆ, ವಿಂಡೋಸಿಗೆ ತಂದ ಕೆಲ್ಸ ಹೆಚ್ಚಾಗಿ ಫಿನ್‌ಲ್ಯಾಂಡಿನ ಟೋರ್ ಲಿಲ್‌ಕ್ವಿಸ್ಟ್ ಅವರದ್ದು. ಹೊರಗಿಂದ ಬಂದ ಸಸಿ ಇಲ್ಲಿನ ಮಣ್ಣಿಗೆ ಹೊಂದಿಕೊಳ್ಳೋಕೆ ಆರೈಕೆ ಬೇಕಾಗೋ ಹಂಗೆ ವಿಂಡೋಸಲ್ಲಿ ಜಿಟಿಕೆಗೆ ಇವತ್ತಿಗೂ ಸ್ವಲ್ಪ ಹೆಚ್ಚು ಆರೈಕೆ ಬೇಕು.

ಲಿನಕ್ಸಲ್ಲಿ ಈ ತಾಪತ್ರಯ ಕಮ್ಮಿ. ಅಲ್ಲಿ ಡಿಸ್ಟ್ರೋ, ಅಂದ್ರೆ ಲಿನಕ್ಸನ್ನ ಜೋಡಿಸಿ ಹಂಚೋರು, ಅವರದ್ದೇ ಒಂದು ಉಗ್ರಾಣ ಇರುತ್ತೆ, ನನ್ನ ಪ್ರೋಗ್ರಾಮಿಗೆ ಜಿಟಿಕೆ ಬೇಕು ಅಂತ ಒಂದು ಸಾಲು ಬರೆದಿಟ್ರೆ ಸಾಕು, ಅದನ್ನೂ ಅದಕ್ಕೆ ಬೇಕಾದ್ದನ್ನೂ ಸಿಸ್ಟಮ್ಮೇ ತಂದ್ಕೊಳುತ್ತೆ, ಹತ್ತು ಪ್ರೋಗ್ರಾಂ ಒಂದೇ ಜಿಟಿಕೆ ಹಂಚಿಕೊಳ್ತಾವೆ. ಇದಕ್ಕೆ ಡಿಪೆಂಡೆನ್ಸಿ ಅಂತಾರೆ, ಒಂದು ಇನ್ನೊಂದರ ಮೇಲೆ ನಿಂತಿರೋದು. ವಿಂಡೋಸಲ್ಲಿ ಜಿಟಿಕೆ ಮೊದಲೇ ಇರಲ್ಲ, ಪ್ರತಿಯೊಬ್ರೂ ತಮ್ಮ ಬುತ್ತಿ ತಾವೇ ತರ್ಬೇಕು. ಹಿಂದೆ ಜಿಟಿಕೆ 2 ಕಾಲದಲ್ಲಿ ಜಿಟಿಕೆ ರನ್‌ಟೈಮ್ ಅಂತ ಬೇರೆ ಇನ್‌ಸ್ಟಾಲರ್ ಇರ್ತಿತ್ತು, ಗಿಂಪ್, ಪಿಡ್ಜಿನ್ ತರದವು ಅದನ್ನ ಕೇಳ್ತಿದ್ವು, ಒಂದು ಪ್ರೋಗ್ರಾಮಿಗೆ ಹಾಕಿದ ವರ್ಷನ್ ಇನ್ನೊಂದಕ್ಕೆ ಆಗ್ತಿರ್ಲಿಲ್ಲ, ಒಂದು ಸರಿ ಮಾಡೋಕೆ ಹೋದ್ರೆ ಇನ್ನೊಂದು ಕೆಡ್ತಿತ್ತು. ಆಮೇಲೆ ಎಲ್ರೂ ಅವರವರ ಫೋಲ್ಡರಲ್ಲೇ ಅವರವರ ಡಿಎಲ್‌ಎಲ್ ಇಟ್ಕೊಳೋ ಪದ್ಧತಿಗೆ ಬಂದ್ರು. ಅದು ಸರಿಯಾದ ಪದ್ಧತಿ ಅಂತಲೇ ನನ್ನ ಅಭಿಪ್ರಾಯ. ವಿಂಡೋಸ್ ಡಿಎಲ್‌ಎಲ್ ಹುಡುಕೋವಾಗ ಮಾಮೂಲಾಗಿ ಇಎಕ್ಸ್‌ಇ ಇರೋ ಫೋಲ್ಡರನ್ನೇ ಮೊದ್ಲು ನೋಡುತ್ತೆ, ಆಮೇಲೆ ಸಿಸ್ಟಮ್ ಫೋಲ್ಡರು, ಕೊನೆಗೆ ಪಾತ್ ಅನ್ನೋ ಪಟ್ಟಿಲಿ ಇರೋ ಜಾಗಗಳು. ನನ್ನ ಲ್ಯಾಪ್‌ಟಾಪಲ್ಲಿ ಪ್ರೋಗ್ರಾಂ ಓಡ್ತಿದ್ದಿದ್ದು ಆ ಪಾತ್ ಪಟ್ಟಿಲಿ ಜಿಟಿಕೆ ಫೋಲ್ಡರ್ ಸೇರಿದ್ದಕ್ಕೆ, ಭಾವನ ಮಷೀನಲ್ಲಿ ಅದು ಎಲ್ಲಿಂದ ಬರ್ಬೇಕು.

ಇನ್ನು ಬುತ್ತಿ ಒಳಗೆ ಏನೇನು ಹೋಗ್ಬೇಕು ಅನ್ನೋದು. ಜಿಟಿಕೆ ಒಂಟಿ ಅಲ್ಲ, ಅದರ ಕೆಳಗೆ ಬುನಾದಿ ಕೆಲ್ಸಗಳಿಗೆ ಜಿಲಿಬ್ ಅನ್ನೋ ಲೈಬ್ರರಿ ಇದೆ, ಚಿತ್ರ ಬಿಡಿಸೋಕೆ ಕೈರೋ, ಅಕ್ಷರ ಜೋಡಿಸೋಕೆ ಪ್ಯಾಂಗೋ, ಅದರ ಕೆಳಗೆ ಹಾರ್ಫ್‌ಬಝ್, ಇನ್ನೂ ಹತ್ತಾರು. ಹಾರ್ಫ್‌ಬಝ್ ಬಗ್ಗೆ ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಕನ್ನಡಕ್ಕೆ ಅದು ಬಹಳ ಮುಖ್ಯ. ತೀರ್ಥಹಳ್ಳಿ ಅಂತ ಟೈಪ್ ಮಾಡಿ ನೋಡಿ. ಕಂಪ್ಯೂಟರ್ ಒಳಗೆ ರ ಮೊದ್ಲು, ಥ ಆಮೇಲೆ ಕೂತಿರುತ್ತೆ, ಆದ್ರೆ ಕಣ್ಣಿಗೆ ಕಾಣೋವಾಗ ಥ ಮೊದ್ಲು ಬಂದು ರ ಅನ್ನೋದು ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗ್ಬೇಕು, ಮುಂದಿನ ಳ್ಳಿಲಿ ಒತ್ತು ಕೆಳಗೆ ಇಳೀಬೇಕು. ಈ ಜಾಗ ಬದಲಾಯಿಸೋ ಕೆಲ್ಸ ಮಾಡೋದು ಹಾರ್ಫ್‌ಬಝ್. ಇದನ್ನ ಗೊತ್ತು ಮಾಡ್ಕೊಂಡ ಮೇಲೆ ನಂಗೆ ಆ ಡಿಎಲ್‌ಎಲ್ ಪಟ್ಟಿ ಬರೀ ಅರ್ಥವಿಲ್ಲದ ಹೆಸರುಗಳ ಸಾಲು ಅಂತ ಅನ್ನಿಸ್ಲಿಲ್ಲ.

ಫಾಂಟಿನದ್ದೂ ಹಂಗೇ ಒಂದು ಕತೆ. ವಿಂಡೋಸಲ್ಲಿ ಎಕ್ಸ್‌ಪಿ ಕಾಲದಿಂದ ತುಂಗಾ ಅನ್ನೋ ಕನ್ನಡ ಫಾಂಟ್ ಇತ್ತು, ನಮ್ಮ ಹೊಳೆ ಹೆಸರು ನೋಡಿ ಖುಷಿಯಾಗಿ ನಾನು ಪ್ರೋಗ್ರಾಮಲ್ಲಿ ಅದನ್ನೇ ಹೆಸರು ಹೇಳಿ ಹಾಕಿಬಿಟ್ಟಿದ್ದೆ. ಆದ್ರೆ ವಿಂಡೋಸ್ 10ರಿಂದ ತುಂಗಾ ಬೇಕಿದ್ದವರು ಆಮೇಲೆ ಹಾಕ್ಕೊಳೋ ಫಾಂಟುಗಳ ಪಟ್ಟಿಗೆ ಹೋಗಿದೆ, ತಾನಾಗಿ ಇರೋದು ನಿರ್ಮಲಾ ಯುಐ. ತುಂಗಾ ಇಲ್ಲ ಅಂದಾಗ ಸಿಸ್ಟಮ್ ಬೇರೆ ಫಾಂಟ್ ಹಿಡ್ಕೊಳುತ್ತೆ, ಅಕ್ಷರದ ಅಗಲ ಬದಲಾಗಿ ಕಾಲಂಗಳೆಲ್ಲ ಸರಿದು ಕೂರ್ತಾವೆ. ಹಂಗಾಗಿ ಒಂದೋ ಹಂಚೋಕೆ ಅನುಮತಿ ಇರೋ ಫಾಂಟನ್ನ ಜೊತೆಗೇ ಕಳ್ಸಿ, ಇಲ್ಲಾಂದ್ರೆ ಹೆಸರು ಹೇಳೋದೇ ಬಿಟ್ಟು ಸಿಸ್ಟಮ್ಮಿಗೆ ಬಿಡಿ.

ಯಾವ ಡಿಎಲ್‌ಎಲ್ ಬೇಕು ಅಂತ ಪತ್ತೆ ಮಾಡೋಕೆ, ವಿಂಡೋಸಲ್ಲಿ ಲಿನಕ್ಸ್ ತರದ ಕಮಾಂಡು, ಕಂಪೈಲರ್ ಎಲ್ಲ ಕೊಡೋ ಎಂಎಸ್‌ವೈಎಸ್2 ಜೊತೆ ಬರೋ ಎಲ್‌ಡಿಡಿ ಅನ್ನೋ ಕಮಾಂಡ್ ಇದೆ, ಇಎಕ್ಸ್‌ಇ ಹೆಸರು ಕೊಟ್ರೆ ಉದ್ದದ ಪಟ್ಟಿ ಕೊಡುತ್ತೆ, ಅದರಲ್ಲಿ ವಿಂಡೋಸಿನವೇ ಆದವನ್ನ ಬಿಟ್ಟು ಉಳಿದವನ್ನ ಇಎಕ್ಸ್‌ಇ ಪಕ್ಕಕ್ಕೆ ಕಾಪಿ ಮಾಡ್ಬೇಕು. ಇಷ್ಟಕ್ಕೇ ಮುಗೀತು ಅಂತ ಸುಮಾರು ಜನ ನಿಲ್ಲಿಸಿಬಿಡ್ತಾರೆ, ತೊಂದರೆ ಶುರುವಾಗೋದೇ ಇಲ್ಲಿ, ಯಾಕಂದ್ರೆ ಪ್ರೋಗ್ರಾಂ ಓಡ್ತಾ ಓಡ್ತಾ ಕೇಳೋ ಸಾಮಾನು ಆ ಪಟ್ಟಿಲಿ ಬರಲ್ಲ. ಚಿತ್ರದ ಫೈಲ್ ತೆರೆಯೋ ಲೋಡರುಗಳು, ಐಕಾನುಗಳು, ಅನುವಾದದ ಫೈಲುಗಳು, ಆಮೇಲೆ ಸ್ಕೀಮಾ ಅಂತ ಸೆಟ್ಟಿಂಗ್ಸ್ ವಿವರಿಸೋ ಫೈಲುಗಳು, ಇವೆಲ್ಲ ಶೇರ್ ಮತ್ತೆ ಲಿಬ್ ಅನ್ನೋ ಫೋಲ್ಡರುಗಳ ಒಳಗೆ ಜಿಟಿಕೆ ನಿರೀಕ್ಷೆ ಮಾಡೋ ಜಾಗದಲ್ಲೇ ಇರ್ಬೇಕು. ಐಕಾನ್ ಬಿಟ್ರೆ ಬಟನ್ ಮೇಲೆ ಮುರಿದ ಚಿತ್ರದ ಗುರುತು ಬರುತ್ತೆ, ಅದು ಹೆಂಗೋ ನಡೆಯುತ್ತೆ. ಸ್ಕೀಮಾ ಬಿಟ್ರೆ ಪ್ರೋಗ್ರಾಂ ಚೆನ್ನಾಗಿ ತೆರ್ಕೊಂಡು, ಸೆಟ್ಟಿಂಗ್ಸ್ ಓದೋಕೆ ಹೋದ ಕ್ಷಣ ಸದ್ದಿಲ್ಲದೆ ಮುಚ್ಚಿಹೋಗುತ್ತೆ, ಬಳಸೋರಿಗೆ ಯಾಕೆ ಅಂತ ಒಂದಕ್ಷರ ಕಾಣಲ್ಲ. ಇದನ್ನ ಹಿಡಿಯೋಕೆ ಜಿಟಿಕೆ ಯಾವತ್ತೂ ಕಾಲಿಡದ ಮಷೀನಲ್ಲಿ ಓಡಿಸಿ ನೋಡೋದು ಬಿಟ್ರೆ ಬೇರೆ ದಾರಿ ಇಲ್ಲ. ವಿಂಡೋಸ್ ಪ್ರೋ ಇದ್ರೆ ಸ್ಯಾಂಡ್‌ಬಾಕ್ಸ್ ಅನ್ನೋ ಸೌಲಭ್ಯ ಇದೆ, ಪ್ರತಿ ಸಲ ಖಾಲಿ ವಿಂಡೋಸ್ ಕೊಡುತ್ತೆ. ಹೋಮ್ ಎಡಿಷನ್ನಲ್ಲಿ ಅದಿಲ್ಲ, ನಾನು ಪಕ್ಕದ ಮನೆ ಹುಡುಗಿಯ ಕಾಲೇಜ್ ಲ್ಯಾಪ್‌ಟಾಪ್ ಕೇಳಿ ತಗೋತೀನಿ, ಅದೂ ವೈಫೈ ಆಫ್ ಮಾಡಿ. ಇಲ್ಲಿ ಆಷಾಢದ ಮಳೆಗೆ ಕರೆಂಟು ಹೋದ್ರೆ ಟವರೂ ಹೋಗುತ್ತೆ, ಇನ್‌ಸ್ಟಾಲ್ ಆಗ್ತಾ ನೆಟ್ಟಿಂದ ಏನೋ ಇಳಿಸ್ಕೊಳೋ ಪ್ಯಾಕೇಜು ಆಗುಂಬೆ ಕಡೆಯೋರಿಗೆ ಅರ್ಧ ಬುತ್ತಿ.

ಇದು ಬಳಸೋರ ಪ್ಯಾಕೇಜಾಯ್ತು, ರನ್‌ಟೈಮ್ ಅಂತ ಅದಕ್ಕೇ ಹೇಳೋದು. ಪ್ರೋಗ್ರಾಂ ಬರೆಯೋರಿಗೆ ಕೊಡೋ ಪ್ಯಾಕೇಜು ಬೇರೆ, ಅದರಲ್ಲಿ ಹೆಡರ್ ಫೈಲುಗಳು, ಲಿಂಕ್ ಮಾಡೋಕೆ ಬೇಕಾದ ಲೈಬ್ರರಿ ಫೈಲುಗಳು, ಯಾವುದು ಎಲ್ಲಿದೆ ಅಂತ ಪಿಕೆಜಿ-ಕಾನ್ಫಿಗ್‌ಗೆ ಹೇಳೋ ಚಿಕ್ಕ ಫೈಲುಗಳು ಇರ್ಬೇಕು. ಜಿಟಿಕೆಯವರು ಈಗ ವಿಂಡೋಸಿಗೆ ತಾವೇ ಇನ್‌ಸ್ಟಾಲರ್ ಮಾಡಿ ಹಂಚಲ್ಲ, ಎಂಎಸ್‌ವೈಎಸ್2 ಅಥವಾ ಜಿವಿಎಸ್‌ಬಿಲ್ಡ್ ಬಳಸಿ ಅಂತ ಹೇಳ್ತಾರೆ. ಮೊದಲನೇದರಲ್ಲಿ ಪ್ಯಾಕ್‌ಮ್ಯಾನ್ ಅನ್ನೋ ಕಮಾಂಡಿಂದ ಕಟ್ಟಿಟ್ಟ ಜಿಟಿಕೆ ನೇರ ಇಳಿಯುತ್ತೆ, ಜಿಸಿಸಿ ಕಂಪೈಲರ್ ಬಳಸೋರಿಗೆ ಅದು. ಎರಡನೇದು ಮೈಕ್ರೋಸಾಫ್ಟಿನ ವಿಷುಯಲ್ ಸ್ಟುಡಿಯೋ ಕಂಪೈಲರ್ ಬಳಸೋರಿಗೆ. ಎರಡನ್ನ ಬೆರೆಸೋಕೆ ಮಾತ್ರ ಹೋಗ್ಬೇಡಿ, ಎರಡೂ ಬಳಸೋ ಸಿ ಭಾಷೆಯ ಮೂಲ ಲೈಬ್ರರಿ ಬೇರೆ ಬೇರೆ ಆಗಿದ್ರೆ, ಒಂದು ಕೊಟ್ಟ ಮೆಮೊರೀನ ಇನ್ನೊಂದು ವಾಪಸ್ ತಗೊಳೋಕೆ ಹೋಗಿ ಪ್ರೋಗ್ರಾಂ ಬೀಳಬಹುದು, ಕಾರಣ ಹುಡುಕೋಕೆ ದಿನಗಟ್ಟಲೆ ಬೇಕು.

ಈಗ ಡಾಕ್ಯುಮೆಂಟೇಶನ್. ನಮ್ಮ ಕಡೆ ಮದುವೆಗೆ ಅಡುಗೆ ಭಟ್ರನ್ನ ಗೊತ್ತು ಮಾಡಿದ್ರೆ ಮೊದ್ಲು ಅವರಿಂದ ಬರೋದು ಸಾಮಾನಿನ ಪಟ್ಟಿ. ಒಳ್ಳೆ ಭಟ್ರ ಪಟ್ಟಿಲಿ ಕಾಯಿ ಎಷ್ಟು, ಬೆಲ್ಲ ಎಷ್ಟು ಅಂತ ಮಾತ್ರ ಅಲ್ಲ, ಒಲೆ ಎಲ್ಲಿರ್ಬೇಕು, ನೀರಿನ ಡ್ರಮ್ ಎಷ್ಟು, ಬಾಳೆಎಲೆ ಹಿಂದಿನ ದಿನ ಸಂಜೆಗೇ ಬಂದಿರ್ಬೇಕು ಅಂತಾನೂ ಇರುತ್ತೆ. ಜಿಟಿಕೆಯ ರೆಫರೆನ್ಸ್ ಡಾಕ್ಯುಮೆಂಟ್ ನಿಜವಾಗ್ಲೂ ಚೆನ್ನಾಗಿದೆ, ಕೋಡಲ್ಲಿ ಬರೆದ ಟಿಪ್ಪಣಿಗಳಿಂದ ಜಿಐ-ಡಾಕ್‌ಜೆನ್ ಅನ್ನೋ ಸಾಧನ ಅದನ್ನ ತಯಾರು ಮಾಡುತ್ತೆ, ಒಂದೊಂದು ಫಂಕ್ಷನ್ನಿಗೂ ವಿವರ ಸಿಗುತ್ತೆ. ಆದ್ರೆ ಅದು ಏನೇನಿದೆ ಅಂತ ಹೇಳೋ ಪುಸ್ತಕ, ಮೊದಲ ವಿಂಡೋ ತೆರೆಯೋಕೆ ಪರದಾಡ್ತಿರೋ ಹುಡುಗನಿಗೆ ಬೇಕಾಗಿರೋದು ಬೇರೆ.

ಇಲ್ಲಿನ ಇಂಜಿನಿಯರಿಂಗ್ ಹುಡುಗ ಒಬ್ಬನಿಗೆ ನಾನು ಬರೆದ ರೀಡ್‌ಮಿ, ಅಂದ್ರೆ ಮೊದ್ಲು ಓದ್ಬೇಕಾದ ಸೂಚನೆ ಫೈಲು, ಕೊಟ್ಟಿದ್ದೆ, ಕನ್ನಡದಲ್ಲೇ ಬರೆದಿದ್ದೆ, ಕಮಾಂಡುಗಳೆಲ್ಲ ಸರಿಯಾಗೇ ಇದ್ವು. ಎರಡು ದಿನ ಬಿಟ್ಟು ಬಂದು "ಸರ್, ಇದನ್ನ ಎಲ್ಲಿ ಟೈಪ್ ಮಾಡ್ಬೇಕು?" ಅಂದ. ಅವನು ಪ್ಯಾಕ್‌ಮ್ಯಾನ್ ಕಮಾಂಡನ್ನ ವಿಂಡೋಸಿನ ಮಾಮೂಲಿ ಕಮಾಂಡ್ ಪ್ರಾಂಪ್ಟಲ್ಲಿ ಹೊಡೆದಿದ್ದ, ಆಮೇಲೆ ಎಂಎಸ್‌ವೈಎಸ್2 ಹಾಕ್ಕೊಂಡು ಅದರಲ್ಲಿ ಸ್ಟಾರ್ಟ್ ಮೆನುಗೆ ಬರೋ ಬೇರೆ ಬೇರೆ ಟರ್ಮಿನಲ್ಲಲ್ಲಿ ತಪ್ಪಿದ್ದನ್ನ ತೆರೆದಿದ್ದ. ಅದು ಅವನ ತಪ್ಪಲ್ಲವೇ ಅಲ್ಲ, ಯುಸಿಆರ್‌ಟಿ64 ಅಂತ ಹೆಸರಿರೋದನ್ನೇ ತೆರೀಬೇಕು ಅಂತ ನಾನು ಎಲ್ಲೂ ಬರೆದೇ ಇರ್ಲಿಲ್ಲ. ಆ ಒಂದು ಸಾಲು ಈಗ ನನ್ನ ರೀಡ್‌ಮಿಯ ಮೇಲುಗಡೆ ಇದೆ, ಕೆಳಗೆ ಆ ವಿಂಡೋದ ಫೋಟೋನೂ ಇದೆ. ಲಿನಕ್ಸಿನ ಸೂಚನೆಗಳನ್ನ ಹಂಗೇ ಎತ್ತಿ ವಿಂಡೋಸಿಗೂ ಇದೇ ಅಂತ ಕೊಡೋ ಡಾಕ್ಯುಮೆಂಟುಗಳನ್ನ ನೋಡಿದ್ರೆ ನಂಗೆ ಬೇಜಾರಾಗುತ್ತೆ, ಓದೋ ಮಕ್ಕಳು ತಮಗೇ ಬುದ್ಧಿ ಇಲ್ಲ ಅಂದ್ಕೊಂಡು ಬಿಟ್ಟುಬಿಡ್ತಾರೆ.

ವಿಂಡೋಸಿಗೆ ಬರೆಯೋ ಡಾಕ್ಯುಮೆಂಟಲ್ಲಿ ಇನ್ನೊಂದೆರಡು ವಿಷಯ ಇರಲೇಬೇಕು ಅಂತ ನನ್ನ ಅನುಭವ. ಭಾವ ತಮ್ಮ ಮಷೀನಲ್ಲಿ ಯೂಸರ್ ಹೆಸರನ್ನ ಕನ್ನಡದಲ್ಲೇ ಇಟ್ಕೊಂಡಿದ್ರು, ಹಾಗಾಗಿ ಅವರ ಫೋಲ್ಡರಿನ ಹೆಸರೂ ಕನ್ನಡ. ಜಿಲಿಬ್ ವಿಂಡೋಸಲ್ಲಿ ಫೈಲ್ ಹೆಸರುಗಳನ್ನ ಎಲ್ಲ ಭಾಷೆ ಅಕ್ಷರ ಹಿಡಿಸೋ ಯುಟಿಎಫ್-8 ಅನ್ನೋ ರೂಪದಲ್ಲಿ ಇಟ್ಕೊಳುತ್ತೆ, ಆದ್ರೆ ಫೈಲ್ ತೆರೆಯೋಕೆ ಇರೋ ಸಿ ಭಾಷೆಯ ಸಾದಾ ಎಫ್‌ಓಪನ್‌ಗೆ ಅದು ಮಾಮೂಲಾಗಿ ಅರ್ಥ ಆಗಲ್ಲ, ಲೆಕ್ಕದ ಫೈಲ್ ಸೇವ್ ಆಗ್ತಿರ್ಲಿಲ್ಲ. ಜಿಲಿಬ್ ಕೊಡೋ ಜಿ-ಎಫ್‌ಓಪನ್ ಬಳಸಿದ ಮೇಲೆ ಸರಿಹೋಯ್ತು. ಹೆಸರು ಇಂಗ್ಲಿಷಲ್ಲಿ ಬದಲಾಯಿಸ್ಕೊಳಿ ಅಂತ ಹೇಳಬಹುದಿತ್ತು, ಹೇಳೋಕೆ ಮನಸ್ಸಾಗ್ಲಿಲ್ಲ. ಇನ್ನೊಂದು, ಸಹಿ ಇಲ್ಲದ ಇನ್‌ಸ್ಟಾಲರನ್ನ ನೆಟ್ಟಿಂದ ಇಳಿಸಿ ತೆರೆದ್ರೆ ವಿಂಡೋಸಿನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ನೀಲಿ ಪರದೆಯೊಂದು ತೋರಿಸಿ ತಡೆಯುತ್ತೆ, ಅದು ಯಾಕೆ ಬರುತ್ತೆ, ಫೈಲ್ ನಮ್ಮದೇ ಅಂತ ಚೆಕ್‌ಸಮ್, ಅಂದ್ರೆ ಫೈಲಿನ ಒಳಗಿರೋದನ್ನ ಲೆಕ್ಕ ಹಾಕಿ ಬರೋ ಗುರುತಿನ ಸಂಖ್ಯೆ, ನೋಡಿ ಖಚಿತ ಮಾಡ್ಕೊಳೋದು ಹೆಂಗೆ ಅಂತ ಮೊದಲೇ ಬರ್ದಿಡಿ, ಜನ ಹೆದರಿ ಡಿಲೀಟ್ ಮಾಡೋದು ತಪ್ಪುತ್ತೆ. ಲೈಸೆನ್ಸಿನ ಪ್ರತಿಯೂ ಒಳಗಿರ್ಬೇಕು, ಜಿಟಿಕೆ ಎಲ್‌ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸಿನ ಅಡಿ ಬರೋದು, ಡಿಎಲ್‌ಎಲ್‌ಗಳನ್ನ ಬೇರೆ ಫೈಲುಗಳಾಗೇ ಇಟ್ಟು, ಬೇಕಾದವರು ಬದಲಾಯಿಸ್ಕೊಳೋಕೆ ಅವಕಾಶ ಬಿಟ್ರೆ ಅದರ ಒಂದು ಮುಖ್ಯವಾದ ಬೇಡಿಕೆ ಪೂರೈಸಿದ ಹಾಗೆ.

ಬುತ್ತಿ ನಾವೇ ಕಟ್ಟಿದ ಮೇಲೆ ಹಳಸಿದ್ರೂ ನಾವೇ ನೋಡ್ಬೇಕು. ಲಿನಕ್ಸಲ್ಲಿ ಒಂದು ಲೈಬ್ರರಿಲಿ ಸೆಕ್ಯುರಿಟಿ ತೊಂದರೆ ಸಿಕ್ಕಿದ್ರೆ ಡಿಸ್ಟ್ರೋದವರು ಒಂದ್ಕಡೆ ಸರಿ ಮಾಡ್ತಾರೆ, ಎಲ್ರಿಗೂ ಹೋಗುತ್ತೆ. ವಿಂಡೋಸಲ್ಲಿ ನಾನು ಜೊತೆಗೆ ಕಳ್ಸಿದ ಡಿಎಲ್‌ಎಲ್ ನಾನು ಬದಲಾಯಿಸೋವರೆಗೆ ಅಲ್ಲೇ ಕೂತಿರುತ್ತೆ. ಅದಕ್ಕೆ ಪ್ಯಾಕೇಜ್ ಕಟ್ಟೋವಾಗೆಲ್ಲ ಒಂದು ಟೆಕ್ಸ್ಟ್ ಫೈಲ್ ಸೇರಿಸ್ತೀನಿ, ಮೊದಲ ಸಾಲಲ್ಲಿ ಕಟ್ಟಿದ ತಾರೀಖು, ಕೆಳಗೆ ಒಂದೊಂದು ಲೈಬ್ರರಿಯ ಹೆಸರು, ವರ್ಷನ್. ಈಗ ಭಾವ ಫೋನ್ ಮಾಡಿ ಏನೋ ಸರಿಯಿಲ್ಲ ಅಂದ್ರೆ ಗುಡ್ಡ ಹತ್ತಿ ಫೋಟೋ ಕಳ್ಸೋದು ಬೇಡ, ಆ ಫೈಲ್ ತೆರೆದು ಮೊದಲ ಸಾಲು ಓದಿ ಭಾವ ಅಂತೀನಿ, ಅಷ್ಟರಲ್ಲಿ ನಂಗೆ ಗೊತ್ತಾಗುತ್ತೆ.