ಹುಣಸೆಹಣ್ಣು ದೂರ ಇಡಿ, ರಾಯರೇ

ನೆಲದಲ್ಲಿ ಸಿಕ್ಕ ಹಳೇ ನಾಣ್ಯವನ್ನು ಶುಚಿ ಮಾಡಿ ಉಳಿಸಿಕೊಡುವುದು ನನ್ನ ಕೆಲಸ. ಅಂಥದ್ದನ್ನು ಮನೆಯಲ್ಲೇ ತೊಳೆದು ಹಾಳುಮಾಡಿ ನನ್ನ ಹತ್ತಿರ ತಂದದ್ದು ಆರು ತಿಂಗಳಲ್ಲಿ ಇದು ಮೂರನೆಯ ಸಲ. ಅದಕ್ಕೇ ಬರೆಯುತ್ತಿದ್ದೇನೆ.

ಡೊಂಬಿವಲಿಯಿಂದ ಒಬ್ಬ ರಾಯರು ಹೆಂಡತಿಯ ಜೊತೆ ಬಂದಿದ್ದರು. ಬ್ಯಾಂಕಿನಿಂದ ನಿವೃತ್ತರು. ಮಗಳು ಇಂಗ್ಲೆಂಡಿನಲ್ಲಿ. ಅಲ್ಲಿಗೆ ಹೋದಾಗ ಅಳಿಯ ಅವರ ಕೈಗೆ ಒಂದು ಮೆಟಲ್ ಡಿಟೆಕ್ಟರ್ ಕೊಟ್ಟು ಲಿಂಕನ್‌ಷೈರ್‌ನ ಒಂದು ಹೊಲಕ್ಕೆ ಕರೆದುಕೊಂಡು ಹೋಗಿದ್ದಾನೆ. ಕೊಯ್ಲು ಮುಗಿದ ಹೊಲ. ಎರಡು ವಾರಾಂತ್ಯದಲ್ಲಿ ಸಿಕ್ಕಿದ್ದು ಒಂದು ಚೀಲ ತುಂಬ ಬಿಯರ್ ಡಬ್ಬಿಯ ಕಿವಿ, ಬೆಳ್ಳಿ ಕಾಗದ, ಬಂದೂಕಿನ ಸೀಸದ ಗುಂಡು, ಅಂಗಿಯ ಗುಂಡಿಗಳು. ಜೊತೆಗೆ ಏಳು ಸಣ್ಣ ರೋಮನ್ ನಾಣ್ಯ.

ಮುಂಬೈಯ ಮಾಟುಂಗದ ನನ್ನ ಕೋಣೆಯಲ್ಲಿ ಕೂತು ರಾಯರು ಜೇಬಿನಿಂದ ಒಂದು ಕುಂಕುಮದ ಭರಣಿ ತೆಗೆದರು. ಮುಚ್ಚಳ ಬಿಚ್ಚಿದರು. ಹತ್ತಿಯ ಮೇಲೆ ಮೂರು ನಾಣ್ಯ ಫಳಫಳ ಅನ್ನುತ್ತಿದ್ದವು.

"ನೋಡಿ ಮೇಡಂ, ನಿನ್ನೆ ಟಂಕಸಾಲೆಯಿಂದ ಬಂದ ಹಾಗಿಲ್ವಾ?"

ನನಗೆ ಮಾತು ಬರಲಿಲ್ಲ. ಲೆನ್ಸ್ ಹಿಡಿದು ನೋಡಿದೆ. ಎಳೆ ಗುಲಾಬಿ ಬಣ್ಣದ ತಾಮ್ರ. ಮೈ ತುಂಬ ಸೂಜಿ ಚುಚ್ಚಿದ ಹಾಗೆ ತೂತು. ಒಂದು ಬದಿಯಲ್ಲಿ ತಲೆ ಇರಬೇಕಾದ ಕಡೆ ಒಂದು ಉಬ್ಬು. ಇನ್ನೊಂದು ಬದಿಯಲ್ಲಿ ಅದೂ ಇಲ್ಲ.

"ಏನು ಹಾಕಿ ತೊಳೆದಿರಿ?"

ರಾಯರು ಉತ್ತರಿಸುವ ಮೊದಲೇ ಹೆಂಡತಿ ಹೇಳಿದರು. "ಹುಣಸೆಹಣ್ಣು. ನಾನು ಬೇಡ ಬೇಡ ಅಂದೆ. ಮಗಳ ಮನೆಯಲ್ಲಿದ್ದ ಹುಣಸೆಹಣ್ಣೆಲ್ಲ ಇದಕ್ಕೇ ಹೋಯ್ತು, ಆ ದಿನ ಸಾರೂ ಇಲ್ಲ."

ಸಾರು ತಪ್ಪಿದ್ದೇ ಪುಣ್ಯ. ಹುಣಸೆಹಣ್ಣು ಮುಗಿಯದೇ ಇದ್ದಿದ್ದರೆ ಏಳೂ ಹೋಗಿರುತ್ತಿದ್ದವು.

ರಾಯರ ಮೇಲೆ ನನಗೆ ಸಿಟ್ಟಿಲ್ಲ. ತಾಮ್ರ ಕಿಲುಬು ಹಿಡಿದರೆ ಹುಣಸೆಹುಳಿ ಹಾಕಿ ಉಜ್ಜಬೇಕು, ಇದು ನಮ್ಮ ಮನೆಗಳಲ್ಲಿ ಹುಟ್ಟಿದಾಗಿನಿಂದ ನೋಡಿದ್ದು. ರಾಯರೂ ಅದನ್ನೇ ಕೇಳಿದರು, "ದೇವರ ತಂಬಿಗೆಗೆ ಆಗುತ್ತೆ, ಇದಕ್ಕೆ ಯಾಕೆ ಆಗಲ್ಲ?" ಈ ಪ್ರಶ್ನೆಗೆ ನಾನು ಎಷ್ಟು ಜನಕ್ಕೆ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ನಿಧಾನವಾಗಿ ಬರೆದೇ ಬಿಡುತ್ತೇನೆ.

ತಂಬಿಗೆಯ ಕಿಲುಬು ಒಂದು ವಾರದ್ದು. ಅದು ಮೇಲಿನ ತೆಳು ಪದರ. ಅದು ಹೋದರೆ ಕೆಳಗೆ ಗಟ್ಟಿ ತಾಮ್ರ ಇದೆ, ತಂಬಿಗೆಯ ಆಕಾರ ಹಾಗೇ ಇರುತ್ತೆ. ನೆಲದಲ್ಲಿ ಸಾವಿರದ ಏಳುನೂರು ವರ್ಷ ಬಿದ್ದ ನಾಣ್ಯದ ಕಥೆ ಬೇರೆ. ಅಲ್ಲಿ ಕಿಲುಬು ನಾಣ್ಯದ ಮೇಲೆ ಕೂತಿರುವುದಿಲ್ಲ. ನಾಣ್ಯದ ಮೈಯೇ ಕಿಲುಬಾಗಿ ಬದಲಾಗಿರುತ್ತೆ. ಲೋಹ ನಿಧಾನಕ್ಕೆ ಮೊದಲು ಕೆಂಪು ಆಕ್ಸೈಡ್ ಆಗುತ್ತೆ, ಅದರ ಮೇಲೆ ಹಸಿರು ಕಾರ್ಬೊನೇಟ್ ಕಟ್ಟುತ್ತೆ. ಟಂಕಸಾಲೆಯಲ್ಲಿ ಅಚ್ಚು ಒತ್ತಿದಾಗ ಮೂಡಿದ ಮೂಗು, ತುಟಿ, ಅಕ್ಷರ ಎಲ್ಲ ಈಗ ಇರುವುದು ಆ ಕೆಂಪು ಹಸಿರು ಪೊರೆಯಲ್ಲೇ. ಕೆಳಗೆ ಉಳಿದ ಲೋಹದಲ್ಲಿ ಅಲ್ಲ. ಹುಳಿ ಹಾಕಿದರೆ ಪೊರೆ ಕರಗುತ್ತೆ. ಪೊರೆಯ ಜೊತೆ ಮುಖವೂ ಕರಗುತ್ತೆ.

ಇನ್ನೂ ಅರ್ಥವಾಗದಿದ್ದರೆ ನಮ್ಮೂರಿನ ಉದಾಹರಣೆ ಕೊಡುತ್ತೇನೆ. ಕುಂದಾಪುರದ ಕಡೆ ನಮ್ಮ ಅಜ್ಜಿಮನೆಯ ಕೋಣೆಗೆ ಒಂದು ಬಾಗಿಲಿತ್ತು. ಹೊರಗಿನಿಂದ ನೋಡಿದರೆ ಹಸಿರು ಪೇಂಟು, ಚೆಂದದ ಕೆತ್ತನೆ. ಒಳಗೆ ಪೂರ್ತಿ ಗೆದ್ದಲು. ಮರವೇ ಇಲ್ಲ, ಪೇಂಟಿನ ಪದರ ಒಂದೇ ಆ ಕೆತ್ತನೆಯನ್ನು ಹಿಡಿದುಕೊಂಡು ನಿಂತಿತ್ತು. ಹಬ್ಬಕ್ಕೆ ಸುಣ್ಣಬಣ್ಣ ಮಾಡುವಾಗ ಮಾವ ಹಳೇ ಪೇಂಟು ಕೆರೆಯಲು ಹೋದರು. ಹೂವು, ಬಳ್ಳಿ, ಗಿಳಿ ಎಲ್ಲ ಪುಡಿಯಾಗಿ ಕಾಲ ಬುಡಕ್ಕೆ ಬಿತ್ತು. ನಾಣ್ಯದ ಹಸಿರು ಅಂದರೆ ಆ ಪೇಂಟು, ಮಾರಾಯ್ರೆ. ಕೆರೆಯಬೇಡಿ.

ನಿಂಬೆಹಣ್ಣು, ವಿನೆಗರ್, ಟೂತ್‌ಪೇಸ್ಟ್, ಬೂದಿ, ಪಾತ್ರೆ ಉಜ್ಜುವ ಪುಡಿ, ಎಲ್ಲಕ್ಕೂ ಇದೇ ಮಾತು. ಕೆಲವರು ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಹಾಕುತ್ತಾರೆ. ಎಣ್ಣೆ ಅಲ್ವಾ, ಮೃದು ಅಂತ ಅವರ ಲೆಕ್ಕ. ಎಣ್ಣೆಯಲ್ಲೂ ಆಮ್ಲ ಇದೆ, ಬಣ್ಣ ಕಪ್ಪಾಗುತ್ತೆ, ಆಮೇಲೆ ಆ ಜಿಡ್ಡು ತೆಗೆಯುವುದು ನನ್ನ ಪಾಲಿಗೆ ಬರುತ್ತೆ.

ಏನು ಹೋಯಿತು ಅಂತ ರಾಯರಿಗೆ ತೋರಿಸಬೇಕಿತ್ತು. ಅಳಿಯ ಬುದ್ಧಿವಂತ, ಸಿಕ್ಕ ದಿನವೇ ಪ್ರತಿಯೊಂದರ ಫೋಟೋ ತೆಗೆದಿದ್ದ. ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆವು. ನಮ್ಮ ಒಂದು ರೂಪಾಯಿಗಿಂತ ಚಿಕ್ಕ ನಾಣ್ಯ. ಒಂದು ಬದಿ ಚಕ್ರವರ್ತಿಯ ತಲೆ. ಇನ್ನೊಂದು ಬದಿ ಇಬ್ಬರು ಸೈನಿಕರು ಎದುರುಬದುರು ನಿಂತಿದ್ದಾರೆ, ಸುತ್ತ "ಗ್ಲೋರಿಯಾ ಎಕ್ಸರ್ಸಿಟಸ್" ಅಂತ ಲ್ಯಾಟಿನ್ ಅಕ್ಷರ, ಸೈನ್ಯದ ಕೀರ್ತಿ ಅಂತ ಅರ್ಥ. ಕಾನ್‌ಸ್ಟಂಟೈನ್ ಅನ್ನುವ ರೋಮನ್ ಚಕ್ರವರ್ತಿ ಮತ್ತು ಅವನ ಮಕ್ಕಳ ಕಾಲದ್ದು. ಬ್ರಿಟನ್ನಿನ ಹೊಲಗಳಲ್ಲಿ ಧಾರಾಳವಾಗಿ ಸಿಗುವ ಜಾತಿ. ಬೆಲೆ ಅಷ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಇದರಲ್ಲೊಂದು ಚೆಂದ ಇದೆ. ಆ ಇಬ್ಬರು ಸೈನಿಕರ ನಡುವೆ ಬಾವುಟದ ಕಂಬ ಇರುತ್ತೆ. ಎರಡು ಕಂಬ ಇದ್ದರೆ ನಾಣ್ಯ ಕ್ರಿ.ಶ. 330ರಿಂದ 335ರ ಒಳಗಿನದು. ಒಂದೇ ಇದ್ದರೆ ಸಾಮಾನ್ಯವಾಗಿ 335ರ ನಂತರದ್ದು, ಆಗ ನಾಣ್ಯವನ್ನೂ ಚಿಕ್ಕದು ಮಾಡಿದ್ದರು. ಸೈನಿಕರ ಕಾಲ ಕೆಳಗೆ ಕೆಲವು ಅಕ್ಷರ ಇರುತ್ತವೆ. ಟಿ, ಆರ್ ಅಂತ ಶುರುವಾದರೆ ಈಗಿನ ಜರ್ಮನಿಯ ಟ್ರಿಯರ್ ಊರಿನ ಟಂಕಸಾಲೆ. ಅದರ ಮುಂದಿನ ಅಕ್ಷರ ಪಿ ಆದರೆ ಅಲ್ಲಿನ ಮೊದಲನೆಯ ಕಾರ್ಖಾನೆ, ಎಸ್ ಆದರೆ ಎರಡನೆಯದು. ಉಗುರಿನಗಲದ ತಾಮ್ರದ ಚೂರು, ಯಾವ ಐದು ವರ್ಷದ್ದು, ಯಾವ ಊರಿನ ಯಾವ ಕಾರ್ಖಾನೆಯದು ಅಂತ ಹೇಳುತ್ತೆ. ರಾಯರ ಫೋಟೋದಲ್ಲಿ ಕಂಬ ಎರಡಿದ್ದ ಹಾಗೆ ಕಾಣುತ್ತಿತ್ತು. ಅಕ್ಷರಗಳ ಮೇಲೆ ಮಣ್ಣಿತ್ತು. ತೊಳೆದ ನಾಣ್ಯದಲ್ಲಿ ಮಣ್ಣೂ ಇಲ್ಲ, ಅಕ್ಷರವೂ ಇಲ್ಲ, ಸೈನಿಕರೂ ಇಲ್ಲ.

ರಾಯರು ಸುಮಾರು ಹೊತ್ತು ಮಾತಾಡಲಿಲ್ಲ. ನನಗೇ ಪಾಪ ಅನಿಸಿತು, ಕಾಫಿ ತರಿಸಿದೆ.

ಬೆಳ್ಳಿಯ ವಿಷಯ ಸ್ವಲ್ಪ ಬೇರೆ. ಕಪ್ಪಾಗಿದ್ದರೆ ಕಪ್ಪಾಗೇ ಇರಲಿ. ಸೋಡಾ ಪುಡಿ, ಅಲ್ಯೂಮಿನಿಯಂ ಕಾಗದ, ಬಿಸಿನೀರು ಅಂತ ಮೊಬೈಲಿನಲ್ಲಿ ಒಂದು ಉಪಾಯ ಓಡಾಡುತ್ತಿದೆ. ಅದು ಊಟದ ಚಮಚಕ್ಕೆ. ಸುತ್ತಿಗೆಯಲ್ಲಿ ಬಡಿದು ಮಾಡಿದ ಹಳೇ ಇಂಗ್ಲಿಷ್ ಬೆಳ್ಳಿ ನಾಣ್ಯ ಹಪ್ಪಳದಷ್ಟು ತೆಳ್ಳಗೆ. ನೇಗಿಲು ತಾಗಿ ಬಗ್ಗಿರುತ್ತೆ. ಬಗ್ಗಿದೆ ಅಂತ ಹಲ್ಲಿನಲ್ಲಿ ಕಚ್ಚಿ ನೆಟ್ಟಗೆ ಮಾಡಲು ಹೋದವರೊಬ್ಬರು ನನಗೆ ಎರಡು ಅರ್ಧ ತಂದುಕೊಟ್ಟಿದ್ದರು. ಚಿನ್ನ ನೆಲದಲ್ಲಿದ್ದರೂ ಚಿನ್ನವೇ, ಸುಮ್ನೆ ನೀರಿನಲ್ಲಿ ಅದ್ದಿದರೆ ಸಾಕು. ಚಿನ್ನ ತಂದವರು ನನ್ನ ಹತ್ತಿರ ಇಲ್ಲಿಯವರೆಗೆ ಯಾರೂ ಬಂದಿಲ್ಲ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ನಾನು ವಕೀಲಳಲ್ಲ, ಹೋಗುವ ಮೊದಲು ಅಲ್ಲಿಯವರನ್ನೇ ಕೇಳಿ. ಹೊಲದ ಯಜಮಾನನ ಒಪ್ಪಿಗೆ ಬರವಣಿಗೆಯಲ್ಲಿ ಬೇಕು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾನೂನಿದೆ. 300 ವರ್ಷ ದಾಟಿದ ಚಿನ್ನ ಅಥವಾ ಬೆಳ್ಳಿಯ ನಾಣ್ಯ ಒಂದೇ ಜಾಗದ ಒಂದೇ ಗಂಟಿನಲ್ಲಿ ಎರಡು ಸಿಕ್ಕರೆ ಅದು ನಿಧಿ. ತಾಮ್ರ, ಕಂಚು ಆದರೆ ಹತ್ತು. 14 ದಿನದೊಳಗೆ ಅಲ್ಲಿನ ತನಿಖಾಧಿಕಾರಿ, ಅಂದರೆ ಕರೋನರ್‌ಗೆ ತಿಳಿಸಬೇಕು. 2015ರಲ್ಲಿ ಹೆರಿಫರ್ಡ್‌ಷೈರ್‌ನಲ್ಲಿ ವೈಕಿಂಗ್ ಕಾಲದ ಗಂಟು ಸಿಕ್ಕಿದ್ದನ್ನು ಮುಚ್ಚಿಟ್ಟ ಇಬ್ಬರಿಗೆ 2019ರಲ್ಲಿ ಜೈಲಾಯಿತು. ಸ್ಕಾಟ್ಲೆಂಡಿನ ನಿಯಮ ಬೇರೆ. ಐರ್ಲೆಂಡಿನಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಹಿಡಿದು ಹಳೆಯದನ್ನು ಹುಡುಕುವುದೇ ಅಪರಾಧ. ಫ್ರಾನ್ಸಿನಲ್ಲೂ ಸರ್ಕಾರದ ಅಪ್ಪಣೆ ಬೇಕು.

ಇನ್ನೊಂದು ಇದೆ, ಪ್ರವಾಸಕ್ಕೆ ಹೋದವರು ಇಲ್ಲೇ ಎಡವುವುದು. ಬ್ರಿಟನ್ನಿನ ಮಣ್ಣಿನಿಂದ ತೆಗೆದ 50 ವರ್ಷ ದಾಟಿದ ಹಳೇ ವಸ್ತುವನ್ನು ದೇಶದ ಹೊರಗೆ ತರಲು ಎಕ್ಸ್‌ಪೋರ್ಟ್ ಲೈಸೆನ್ಸ್ ಬೇಕು. ಬೆಲೆ ಐದೇ ಪೌಂಡ್ ಆದರೂ ಬೇಕು. ಅದಕ್ಕೆ ದಿನ ಹಿಡಿಯುತ್ತೆ, ನಿಮ್ಮ ರಿಟರ್ನ್ ಟಿಕೆಟ್ಟಿಗೆ ಕಾಯುವುದಿಲ್ಲ. ರಾಯರ ಅಳಿಯ ಇದನ್ನೆಲ್ಲ ಮಾಡಿಸಿ ಕಾಗದ ಕೊಟ್ಟಿದ್ದ, ಅದಕ್ಕೇ ನಾನು ಭರಣಿ ಮುಟ್ಟಿದೆ. ಕಾಗದ ಇಲ್ಲದವರನ್ನು ನಾನು ಒಳಗೆ ಕೂರಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಅಲ್ಲಿ ರುಚಿ ಹತ್ತಿದವರು ಆ ಯಂತ್ರವನ್ನು ಇಲ್ಲಿಗೂ ತರುತ್ತಾರೆ. ಮಡಗಾಂವದ ಒಬ್ಬ ಹುಡುಗ ಹಳೇ ಗೋವಾದ ಕಡೆ ಪೋರ್ಚುಗೀಸ್ ನಾಣ್ಯ ಹುಡುಕಬಹುದಾ ಅಕ್ಕ ಅಂತ ಫೋನ್ ಮಾಡಿದ್ದ. ಬೇಡಪ್ಪ. ರಕ್ಷಿತ ಸ್ಮಾರಕಗಳ ಹತ್ತಿರ ಒಂದು ಗುದ್ದಲಿ ಎತ್ತಿದರೂ ಕೇಸು. ಬೇರೆ ಕಡೆ ಸಿಕ್ಕರೂ 1878ರ ನಿಧಿ ಕಾಯ್ದೆ ಇನ್ನೂ ಜೀವಂತ ಇದೆ, ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು. ಆ ಹತ್ತು ರೂಪಾಯಿ ಇವತ್ತಿಗೂ ಹತ್ತೇ ರೂಪಾಯಿ. ರೋಮನ್ ನಾಣ್ಯವೇ ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೇ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿವೆ. ಅಗೆದವರು ಪುರಾತತ್ವದವರು, ಅಷ್ಟೇ ವ್ಯತ್ಯಾಸ.

ಮುಟ್ಟದೆ ಬಿಟ್ಟರೆ ಏನು ಸಿಗುತ್ತೆ ಅಂತ ಕೇಳುವವರಿಗೆ ನಾನು ಯಾವಾಗಲೂ ಹಾಕ್ಸ್ನ್ ಹಳ್ಳಿಯ ಕಥೆ ಹೇಳುತ್ತೇನೆ. 1992ರ ನವೆಂಬರ್. ಸಫಕ್ ಕಡೆಯ ಒಬ್ಬ ರೈತ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಗೆಳೆಯ ಎರಿಕ್ ಲಾಸ್ ಡಿಟೆಕ್ಟರ್ ಹಿಡಿದು ಹುಡುಕಿಕೊಡಲು ಹೋದ. ಸಿಕ್ಕಿದ್ದು ಸುಮಾರು 15,000 ರೋಮನ್ ನಾಣ್ಯ, ಚಿನ್ನದ ಒಡವೆ, ಬೆಳ್ಳಿ ಚಮಚಗಳು. ಆತ ಮಾಡಿದ ದೊಡ್ಡ ಕೆಲಸ ಅಂದರೆ ಅಷ್ಟು ಸಿಕ್ಕ ಮೇಲೆ ಅಗೆಯುವುದನ್ನು ನಿಲ್ಲಿಸಿದ್ದು. ಪುರಾತತ್ವದವರು ಬಂದು ಉಳಿದದ್ದನ್ನು ಇದ್ದ ಹಾಗೇ ಎತ್ತಿದರು. ಹಾಗಾಗಿ ಅದೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿತ್ತು, ಅದರೊಳಗೆ ಸಣ್ಣ ಪೆಟ್ಟಿಗೆಗಳಿದ್ದವು, ಯಾವುದು ಎಲ್ಲಿತ್ತು ಅಂತ ಗೊತ್ತಾಯಿತು. ಮರ ಎಂದೋ ಮಣ್ಣಾಗಿತ್ತು, ಆದರೂ ಗೊತ್ತಾಯಿತು. ಬಹುಮಾನ 17.5 ಲಕ್ಷ ಪೌಂಡ್. ಲಾಸ್ ರೈತನಿಗೂ ಪಾಲು ಕೊಟ್ಟ. ಸುತ್ತಿಗೆಯೂ ಸಿಕ್ಕಿತು, ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ರಾಯರ ಹೆಂಡತಿಗೆ ಈ ಕಥೆ ತುಂಬ ಹಿಡಿಸಿತು. "ಕೇಳಿಸ್ಕೊಂಡ್ರಾ, ನಿಲ್ಲಿಸಿದನಂತೆ" ಅಂದರು ಗಂಡನಿಗೆ.

ತಂದ ಮೇಲೆ ಏನು ಮಾಡಬೇಕು? ಉದುರುವ ಮಣ್ಣನ್ನು ಅಲ್ಲೇ ಉದುರಿಸಿ ಬನ್ನಿ, ಬೇರೆ ದೇಶದ ಮಣ್ಣನ್ನು ಸುಮ್ನೆ ತರುವಂತಿಲ್ಲ. ಅಂಟಿದ್ದನ್ನು ಬಿಡಿ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇದೆ. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಸಿಕ್ಕ ಜಾಗ ಮತ್ತು ದಿನ ಬರೆದು, ಗಾಳಿಯಾಡದ ಡಬ್ಬಿಯಲ್ಲಿಡಿ. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ, ನಾಲ್ಕು ಅದರೊಳಗೆ ಹಾಕಿ. ಅಂಗಡಿಯಲ್ಲಿ ಸಿಗುವ ಮೆತ್ತನೆ ಪ್ಲಾಸ್ಟಿಕ್ ಪಾಕೀಟಿನ ಆಲ್ಬಮ್ ಬೇಡ, ಕಾಲ ಕಳೆದ ಹಾಗೆ ಅದು ಹಸಿರು ಅಂಟು ಬಿಡುತ್ತೆ.

ಸಿಲಿಕಾ ಜೆಲ್ ಯಾಕೆ ಅಂದರೆ, ನಮ್ಮ ಮುಂಬೈ. ನೆಲದಲ್ಲಿದ್ದ ತಾಮ್ರದೊಳಗೆ ಉಪ್ಪಿನ ಅಂಶ ಸೇರಿಕೊಂಡಿರುತ್ತೆ, ಕ್ಲೋರೈಡ್. ಒಣಗಿದ ಜಾಗದಲ್ಲಿ ಅದು ಮಲಗಿರುತ್ತೆ. ಜೂನಿನಲ್ಲಿ ಇಲ್ಲಿ ಮಳೆ ಶುರುವಾದರೆ ಕಪಾಟಿನೊಳಗಿನ ಸೀರೆಯೂ ಹಸಿಹಸಿ ಅಲ್ವಾ? ಆ ತೇವ ಮತ್ತು ಗಾಳಿ ಸಿಕ್ಕ ಕೂಡಲೇ ಕ್ಲೋರೈಡ್ ಎದ್ದು ಆಮ್ಲ ಹುಟ್ಟಿಸುತ್ತೆ, ಆಮ್ಲ ಹೊಸ ತಾಮ್ರ ತಿನ್ನುತ್ತೆ, ಮತ್ತೆ ಕ್ಲೋರೈಡ್ ಆಗುತ್ತೆ. ನಿಲ್ಲುವುದೇ ಇಲ್ಲ. ತಿಳಿ ಹಸಿರು ಪುಡಿ, ಪಿಸ್ತಾ ಪುಡಿಯ ಹಾಗೆ, ಚುಕ್ಕೆ ಚುಕ್ಕೆಯಾಗಿ ಏಳುತ್ತೆ. ಮುಟ್ಟಿದರೆ ಉದುರುತ್ತೆ. ನಮ್ಮ ಕಸುಬಿನ ಭಾಷೆಯಲ್ಲಿ ಇದು ಕಂಚಿನ ರೋಗ. ಗಟ್ಟಿ, ನುಣುಪು, ಕಡು ಹಸಿರು ಒಳ್ಳೆಯದು. ತಿಳಿ ಹಸಿರು ಪುಡಿ ಕಂಡರೆ ಮಾತ್ರ ಕೂಡಲೇ ಫೋನ್ ಮಾಡಿ. ಕೆಲವು ಉಳಿಯುತ್ತವೆ, ಕೆಲವು ಉಳಿಯುವುದಿಲ್ಲ. ನೋಡದೆ ಮಾತು ಕೊಡಲಾರೆ. ಫೋಟೋ ಕಳಿಸಿ ಬೆಲೆ ಎಷ್ಟು ಅಂತ ಕೇಳಿದರೆ ಅದಕ್ಕೂ ಉತ್ತರ ಇಲ್ಲ.

ರಾಯರ ತೊಳೆದ ಮೂರನ್ನು ಅವರಿಗೇ ಕೊಟ್ಟು ಕಳಿಸಿದೆ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಉಳಿದ ನಾಲ್ಕನ್ನು ಹೆಂಡತಿ ತಮ್ಮ ಕೈಚೀಲದಿಂದ ತೆಗೆದುಕೊಟ್ಟರು, ರಾಯರ ಕೈಗೆ ಸಿಗದ ಹಾಗೆ ಇಟ್ಟುಕೊಂಡಿದ್ದರಂತೆ. ಅದರಲ್ಲಿ ಒಂದು ಈಗ ಮೈಕ್ರೋಸ್ಕೋಪಿನ ಕೆಳಗಿದೆ. ದಿನಕ್ಕೆ ಒಂದು ಗಂಟೆ, ಬಿದಿರಿನ ಚೂಪು ಕಡ್ಡಿ, ಒಂದು ತೊಟ್ಟು ಡಿಸ್ಟಿಲ್ಡ್ ನೀರು. ಎರಡನೆಯ ವಾರ ನಡೆಯುತ್ತಿದೆ. ಸೈನಿಕರಿಬ್ಬರ ಮೊಣಕಾಲಿನವರೆಗೆ ಬಂದಿದ್ದೇನೆ. ಕಂಬ ಎರಡೇ. ಕೆಳಗೆ ಟಿ ಕಂಡಿತು, ನಿನ್ನೆ ಸಂಜೆ ಆರ್ ಕಂಡಿತು. ಮೂರನೆಯ ಅಕ್ಷರದ ಮೇಲೆ ಇನ್ನೂ ಗಟ್ಟಿ ಮಣ್ಣು. ರಾಯರು ದಿನಾ ರಾತ್ರಿ ಫೋನ್ ಮಾಡುತ್ತಾರೆ, ಪಿ-ನಾ ಎಸ್-ಆ ಅಂತ.