ಸಿಇಒಗೆ ಸಾಮಾಜಿಕ ಕಾಳಜಿ ಇದ್ದರೆ ಕಂಪನಿಯ ಮೌಲ್ಯ ಹೆಚ್ಚುತ್ತದೆಯೇ?

ಪ್ರಶ್ನೆ: ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು ಕಾನೂನೇ ಹೇಳುತ್ತದೆ. ಹೀಗಿರುವಾಗ ಸಿಇಒ ಕಾಳಜಿಯುಳ್ಳವರಾಗಿದ್ದರೆ ಆಗುವ ವ್ಯತ್ಯಾಸವೇನು? ಷೇರು ಕೊಳ್ಳುವವರು ಇದನ್ನು ಗಮನಿಸಬೇಕೇ?

ಖಂಡಿತ ಗಮನಿಸಬೇಕು. ಆದರೆ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಮೊತ್ತ ನೋಡಿ ಮಾರುಹೋಗಬೇಡಿ. ಆ ಮೊತ್ತ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಗೊತ್ತುಮಾಡಿದ್ದು. ಮೂರು ವರ್ಷಗಳ ಸರಾಸರಿ ನಿವ್ವಳ ಲಾಭ 100 ಕೋಟಿ ರೂಪಾಯಿ ಇದ್ದರೆ 2 ಕೋಟಿ ಖರ್ಚು ಮಾಡಲೇಬೇಕು. ಅದರಲ್ಲಿ ಯಾರ ಔದಾರ್ಯವೂ ಇಲ್ಲ.

ಸಿಇಒ ಪ್ರಭಾವ ಕಾಣುವುದು ಹಣ ಎಲ್ಲಿಗೆ, ಎಷ್ಟು ಕಾಲ ಹೋಗುತ್ತದೆ ಎಂಬಲ್ಲಿ. ಸಿಎಸ್‌ಆರ್ ಸಮಿತಿ ಶಿಫಾರಸು ಮಾಡಿ ನಿರ್ದೇಶಕ ಮಂಡಳಿ ಒಪ್ಪಬೇಕೆಂಬುದು ನಿಯಮ. ಆದರೆ ಮಂಡಳಿಯ ಮುಂದೆ ಬರುವ ಪ್ರಸ್ತಾವಗಳು ಸಾಮಾನ್ಯವಾಗಿ ಸಿದ್ಧವಾಗುವುದು ಸಿಇಒ ಕೈಕೆಳಗಿನ ಸಿಬ್ಬಂದಿಯಿಂದಲೇ. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸಲು ಶಾಲಾ ಬ್ಯಾಗ್ ಹಂಚುವುದೂ ಸಿಎಸ್‌ಆರ್, ಒಂದೇ ತಾಲ್ಲೂಕಿನ ಶಾಲೆಗಳ ಜೊತೆ ಐದು ವರ್ಷ ನಿಲ್ಲುವುದೂ ಸಿಎಸ್‌ಆರ್. ಎರಡರಲ್ಲಿ ಯಾವುದೆಂದು ತೀರ್ಮಾನಿಸುವುದು ಮೇಲಿರುವವರ ಮನಸ್ಸು.

ಇದಕ್ಕಿಂತ ದೊಡ್ಡ ಪರೀಕ್ಷೆ ಸಿಎಸ್‌ಆರ್ ಲೆಕ್ಕದ ಹೊರಗಿದೆ. ಬೇರೆ ಕಾನೂನಿನಡಿ ಹೇಗೂ ಮಾಡಲೇಬೇಕಾದ ಕೆಲಸ ಸಿಎಸ್‌ಆರ್ ಎನಿಸುವುದಿಲ್ಲ. ಕಾರ್ಖಾನೆಯ ತ್ಯಾಜ್ಯನೀರನ್ನು ಶುದ್ಧೀಕರಿಸುವ ಘಟಕ ಹಗಲೂ ರಾತ್ರಿ ಓಡಿದರೆ ಫೋಟೊ ತೆಗೆಯಲು ಯಾರೂ ಬರುವುದಿಲ್ಲ. ಆದರೆ ಅದು ನಿಂತರೆ ಕೆರೆ ಕೆಡುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬರುತ್ತದೆ, ಉತ್ಪಾದನೆಯೇ ನಿಲ್ಲಬಹುದು. ಕಂಪನಿಯ ಮೌಲ್ಯ ಉಳಿಯುವುದೂ ಕರಗುವುದೂ ಇಂಥ ಕಡೆಯಲ್ಲಿ. ನನ್ನ ಮಟ್ಟಿಗೆ ಊರಿಗೆ ಕಟ್ಟಿಸಿಕೊಟ್ಟ ಬಸ್ ತಂಗುದಾಣಕ್ಕಿಂತ ಆ ಘಟಕವೇ ಮುಖ್ಯ.

ಒಳ್ಳೆಯ ಕೆಲಸವೇ ಪರದೆಯಾಗುವ ಅಪಾಯವೂ ಇದೆ. 108 ಆಂಬುಲೆನ್ಸ್ ಸೇವೆ 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾದದ್ದು ಐಟಿ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಅವರ ಬೆಂಬಲದಿಂದ. 2008ರಲ್ಲಿ ಅದು ಕರ್ನಾಟಕಕ್ಕೂ ಬಂತು. ಅದೇ ವರ್ಷ ಸತ್ಯಂಗೆ ಉತ್ತಮ ಆಡಳಿತದ ಪ್ರಶಸ್ತಿಯೂ ಸಂದಿತ್ತು. 2009ರ ಜನವರಿ 7ರಂದು ರಾಜು ಲೆಕ್ಕ ತಿರುಚಿದ್ದನ್ನು ಒಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಹೆಚ್ಚು ನಗದು ಇರಲೇ ಇಲ್ಲ. ಷೇರು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಆಂಬುಲೆನ್ಸ್‌ಗಳು ನಿಜವಾಗಿಯೂ ಜೀವ ಉಳಿಸುತ್ತಿದ್ದವು, ಆ ಹೊಣೆಯನ್ನು ಮುಂದೆ ಜಿವಿಕೆ ಸಮೂಹ ವಹಿಸಿಕೊಂಡಿತು. ಹೂಡಿಕೆದಾರರ ಹಣವನ್ನು ಮಾತ್ರ ಆ ಪುಣ್ಯ ಕಾಯಲಿಲ್ಲ.

ಪ್ರಾಮಾಣಿಕ ಕಾಳಜಿಗೂ ಮಾರುಕಟ್ಟೆ ಬೆನ್ನು ತಟ್ಟುತ್ತದೆಂಬ ಖಾತರಿಯಿಲ್ಲ. ಫ್ರಾನ್ಸಿನ ಆಹಾರ ಕಂಪನಿ ಡನೋನ್ ಅನ್ನು ಅದರ ಸಿಇಒ ಎಮ್ಯಾನುಯೆಲ್ ಫೇಬರ್ 2020ರಲ್ಲಿ ಷೇರುದಾರರ ಭಾರಿ ಬಹುಮತದೊಂದಿಗೆ ಸಾಮಾಜಿಕ ಧ್ಯೇಯವುಳ್ಳ ಸಂಸ್ಥೆಯಾಗಿ ಬದಲಿಸಿದರು. ಷೇರು ಪ್ರತಿಸ್ಪರ್ಧಿಗಳಿಗಿಂತ ಹಿಂದೆ ಬಿದ್ದಿದೆ ಎಂದು ಕೆಲವು ಹೂಡಿಕೆ ನಿಧಿಗಳು ಪಟ್ಟು ಹಿಡಿದವು. 2021ರ ಮಾರ್ಚ್‌ನಲ್ಲಿ ಫೇಬರ್ ಹುದ್ದೆ ಕಳೆದುಕೊಂಡರು.

ಹಾಗಾಗಿ ಷೇರು ಕೊಳ್ಳುವ ಮೊದಲು ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧ ತೆರೆಯಿರಿ. ಖರ್ಚಾಗದೆ ಉಳಿದದ್ದೆಷ್ಟು ಎಂಬುದು ಅಲ್ಲಿರುತ್ತದೆ, ಮಂಡಳಿ ಒಪ್ಪಿದ ಯೋಜನೆಗಳು ಯಾವುವು ಎಂಬುದು ಕಂಪನಿಯ ಜಾಲತಾಣದಲ್ಲಿರುತ್ತದೆ. ಹಿಂದಿನ ಎರಡು ವರ್ಷಗಳ ವಿವರ ಪಕ್ಕದಲ್ಲಿಟ್ಟುಕೊಂಡರೆ ಕೆಲಸ ಮುಂದುವರಿದಿದೆಯೇ ಎಂದು ತಿಳಿಯುತ್ತದೆ. ಲೆಕ್ಕಪರಿಶೋಧಕರ ಟಿಪ್ಪಣಿಯನ್ನೂ ತಪ್ಪದೆ ಓದಿ. ನಿರ್ದೇಶಕರ ಸಂಬಳ ಸಂಬಳದ ಸಾಲಿನಲ್ಲಿ ಸರಿಮಧ್ಯದಲ್ಲಿರುವ ನೌಕರನ ಸಂಬಳದ ಎಷ್ಟು ಪಟ್ಟು ಎಂಬುದನ್ನು ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ತಿಳಿಸಬೇಕು. ವ್ಯವಸ್ಥಾಪಕ ನಿರ್ದೇಶಕರೇ ಸಿಇಒ ಆಗಿರುವ ಕಡೆ, ಅವರ ಸಂದೇಶ ಓದುವ ಮುನ್ನ ಆ ಸಂಖ್ಯೆಯನ್ನು ನೋಡಿಬಿಡಿ.