ಹಡಗು ಸಂಜಿ 5ಕ್ಕ ಬಿಡ್ತದ, ಅವತ್ತೇ ಮುಂಜಾನಿ ಸಿಂಗಾಪುರ ಮುಟ್ಟಿದ್ರ ನಡೀತದೇನ್ರಿ?

ಪ್ರಶ್ನೆ: ಅಣ್ಣಾರ, ನಾವು ಸೇಡಂದವ್ರು. ಸಿಂಗಾಪುರದಿಂದ 4 ರಾತ್ರಿದು ಕ್ರೂಸ್ ಬುಕ್ ಮಾಡೀವಿ, ಪೆನಾಂಗ್ ಮತ್ತ ಫುಕೆಟ್ ಹೋಗಿ ಬರ್ತದ. ನಾನು, ನಮ್ಮನಿಯವ್ರು, ಇಬ್ಬರು ಹುಡುಗ್ರು, ನಮ್ಮ ಅತ್ತಿ, ಒಟ್ಟು ಐದು ಮಂದಿ. ಅತ್ತಿಗಿ 68 ವಯಸ್ಸು, ಮೊಳಕಾಲು ನೋವು. ಹಡಗು ಸಂಜಿ 5ಕ್ಕ ಅದ, ಅವತ್ತೇ ಮುಂಜಾನಿ ವಿಮಾನ ಇಳಿದ್ರ ಒಂದು ರಾತ್ರಿ ಹೋಟೆಲ್ ರೊಕ್ಕ ಉಳೀತದಲ್ಲ? ಹೋಟೆಲ್ ಬೇಕೇ ಬೇಕಂದ್ರ ಎಲ್ಲಿ ಹಿಡೀಬೇಕು, ತಿರುಗಾಟ ಯಾವಾಗ, ಮತ್ತ ನಾವು ಪೂರ್ತಿ ವೆಜ್, ಊಟಕ್ಕ ಹ್ಯಾಂಗ?

ಉತ್ತರ: ಅಕ್ಕಾರ, ಮೊದ್ಲೇ ಹೇಳಿಬಿಡ್ತೀನಿ, ಆ ರೊಕ್ಕ ಉಳಸ್ಲಿಕ್ಕಿ ಹೋಗಬ್ಯಾಡ್ರಿ. ಹಿಂದಿನ ದಿನ ಮುಟ್ರಿ, ರಾತ್ರಿ ಮಲಗ್ರಿ, ಮರುದಿನ ಆರಾಮ್ ಹಡಗು ಹತ್ರಿ. ಸಿಂಗಾಪುರ ತಿರುಗಾಟ ಎಲ್ಲಾ ಹಡಗಿಂದ ಇಳಿದ ಮ್ಯಾಲ.

ಯಾಕಂದ್ರ 5 ಗಂಟಿ ಅಂಬೋದು ಹಡಗು ಹೊರಡೋ ಹೊತ್ತು, ನೀವು ಹತ್ತೋ ಹೊತ್ತಲ್ಲ. ಒಂದು-ಒಂದೂವರಿ ತಾಸು ಮೊದಲೇ ಚೆಕ್-ಇನ್ ಬಂದ್ ಮಾಡ್ತಾರ, ಮತ್ತ ಟಿಕೆಟ್‌ನ್ಯಾಗ ನೀವು ಯಾವಾಗ ಬರಬೇಕಂತ ಟೈಮ್ ಕೊಟ್ಟಿರ್ತಾರ, ಅದು ಬಹುತೇಕ ಮಧ್ಯಾಹ್ನದ್ದು. ಈಗ ಹಿಂದಿನಿಂದ ಲೆಕ್ಕ ಹಾಕ್ರಿ. ನೀವು ಸೇಡಂದವ್ರು, ತಾಂಡೂರ ಮ್ಯಾಲ ಹೋಗ್ತೀರಿ, ನಾವು ಕಲಬುರಗಿಯವ್ರು ಹುಮನಾಬಾದ್ ಜಹೀರಾಬಾದ್ ಹಿಡಿದ್ರ ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟ್ ಮುಟ್ಲಿಕ್ಕಿ ಐದು ತಾಸು ಇಟ್ಕೋತೀವಿ, ವಿಮಾನಕ್ಕ ಮೂರು ತಾಸು ಮೊದಲು ಅಲ್ಲಿರಬೇಕು, ಹಾರಾಟ ನಾಲ್ಕೂವರಿ ತಾಸಿನ ಸುತ್ತ, ಸಿಂಗಾಪುರದ ಗಡಿಯಾರ ನಮ್ಮಕ್ಕಿಂತ ಎರಡೂವರಿ ತಾಸು ಮುಂದ. ಅಂದ್ರ ರಾತ್ರಿ 12ಕ್ಕ ಹೈದರಾಬಾದ್ ಬಿಟ್ರ ಅಲ್ಲಿ ಮುಂಜಾನಿ 7. ಕಾಗದದ ಮ್ಯಾಲ ನೋಡಿದ್ರ ಹತ್ತು ತಾಸು ಕೈಯಾಗ ಅದ, ಭಾಳಾಯ್ತು ಅನಸ್ತದ. ಆದ್ರ ವಿಮಾನ ಏನರ ಕೆಟ್ಟು ಮುಂದಿನ ದಿನಕ್ಕ ಹೋಯ್ತು ಅಂದ್ರ ಹಡಗು ಐದು ಮಂದಿ ಸಲುವಾಗಿ ನಿಲ್ಲಂಗಿಲ್ಲ, ಕ್ರೂಸಿನ ರೊಕ್ಕ ಸಾಮಾನ್ಯ ವಾಪಸ್ ಬರಂಗಿಲ್ಲ, ಮುಂದಿನ ಬಂದರಿಗಿ ಹೋಗಿ ಹಿಡೀತೀವಿ ಅಂದ್ರ ಮತ್ತ ಐದು ಟಿಕೆಟ್. ಎಲ್ಲಾ ಟೈಮಿಗಿ ಆದ್ರೂ, ಹಿಂದಿನ ದಿನ ಮಧ್ಯಾಹ್ನ ಮನಿ ಬಿಟ್ಟ ಅತ್ತಿಯವ್ರು ಮರುದಿನ ಸಂಜಿತನಕ ಬೆನ್ನು ನೆಲಕ್ಕ ಹಚ್ಚಂಗಿಲ್ಲ ನೋಡ್ರಿ.

ಹಿಂದಿನ ದಿನ ಹೋದ್ರೂ ಒಂದು ತೊಡಕದ. ವಿಮಾನ ಇಳಿಯೋದು ಮುಂಜಾನಿ, ಹೋಟೆಲ್‌ದವ್ರು ರೂಮ್ ಕೊಡೋದು ಮಧ್ಯಾಹ್ನ 2ಕ್ಕ ಇಲ್ಲ 3ಕ್ಕ. ಬ್ಯಾಗ್ ಅಂತೂ ಇಟ್ಕೋತಾರ, ಮಂದಿ ಎಲ್ಲಿ ಕುಂದ್ರಬೇಕು? ಹುಡುಗ್ರಿದ್ರ ಚಾಂಗಿ ಏರ್‌ಪೋರ್ಟ್‌ಗೇ ಹಚ್ಚಿ ಜ್ಯುವೆಲ್ ಅಂತ ಒಂದು ದೊಡ್ಡ ಗಾಜಿನ ಕಟ್ಟಡ ಅದ, 2019ರಾಗ ತೆರದದ್ದು, ಅದರೊಳಗ ಛಾವಣಿಯಿಂದ 40 ಮೀಟರ್ ನೀರು ಬೀಳ್ತದ, ಅಲ್ಲಿ ಎರಡು ತಾಸು ಹೆಂಗ ಹೋಯ್ತು ತಿಳಿಯಂಗಿಲ್ಲ. ಆದ್ರ ನಿಮ್ಮ ಅತ್ತಿಯವ್ರ ಸಲುವಾಗಿ ನಾನಾಗಿದ್ರ ಒಂದು ರೂಮ್ ಮಾತ್ರ ಹಿಂದಿನ ರಾತ್ರಿಯಿಂದ್ಲೇ ಬುಕ್ ಮಾಡ್ತಿದ್ದೆ, ಮುಟ್ಟೋದು ಮುಂಜಾನಿ ಅಂತ ಹೋಟೆಲ್‌ಗಿ ಮೊದಲೇ ಬರೆದು ತಿಳಿಸ್ತಿದ್ದೆ. ಮಲಗದ ರಾತ್ರಿಗಿ ಬಾಡಿಗಿ ಕೊಟ್ಟೆ ಅಂತ ಹೊಟ್ಟಿ ಉರೀತದ ಖರೆ, ಆದ್ರ ಎಂಟಕ್ಕ ಹೋಗಿ ಅವ್ರು ಜಳಕ ಮಾಡಿ ಕಾಲು ಚಾಚಿ ಮಲಗ್ತಾರಲ್ಲ, ಅಲ್ಲಿಗಿ ವಸೂಲ್.

ಈಗ ಹೋಟೆಲ್ ಎಲ್ಲಿ. ಮೊದಲು ಕ್ರೂಸ್ ಟಿಕೆಟ್ ತಗೊಂಡು ಟರ್ಮಿನಲ್ ಹೆಸರು ನೋಡ್ರಿ, ಸಿಂಗಾಪುರದಾಗ ಎರಡವ. ಒಂದು ಹಾರ್ಬರ್‌ಫ್ರಂಟ್ ಹತ್ರ ಇರೋ ಸಿಂಗಾಪುರ ಕ್ರೂಸ್ ಸೆಂಟರ್, ಇನ್ನೊಂದು ಮರೀನಾ ಬೇ ಕ್ರೂಸ್ ಸೆಂಟರ್, ಅದು 2012ರಾಗ ಆದದ್ದು. ಎರಡೂ ಬ್ಯಾರೆ ಬ್ಯಾರೆ ದಿಕ್ಕು. ನಾವು ಮೊದಲ ಸಲ ಹೋದಾಗ ಟ್ಯಾಕ್ಸಿ ಹತ್ತಿ ಜೋರಾಗಿ ‘ಕ್ರೂಸ್ ಟರ್ಮಿನಲ್’ ಅಂದ್ವಿ, ಆ ಮುದುಕ ಡ್ರೈವರ್ ಕನ್ನಡಿಯಾಗ ನನ್ನ ಮಾರಿ ನೋಡಿ ‘ಯಾವುದು?’ ಅಂದ. ಕಾಗದ ಎಲ್ಲಿ? ಡಿಕ್ಕಿಯಾಗ, ದೊಡ್ಡ ಸೂಟ್‌ಕೇಸಿನ ತಳದಾಗ, ಸೀರಿ ಮಡಿಕಿಯೊಳಗ ಭದ್ರವಾಗಿ. ರಸ್ತೆ ಬದಿ ನಿಲ್ಲಿಸಿ ಸೂಟ್‌ಕೇಸ್ ತೆರದು ಫುಟ್‌ಪಾತಿನ ಮ್ಯಾಲ ಬಟ್ಟಿ ಹರವಿ ಕಾಗದ ತಗದ್ವಿ, ಮೀಟರ್ ಓಡ್ತಾನೇ ಇತ್ತು. ಅವತ್ತಿಂದ ಪಾಸ್‌ಪೋರ್ಟ್, ಕ್ರೂಸ್ ಕಾಗದ, ನಮ್ಮ ಅವ್ವನ ಗುಳಿಗಿ ಎಲ್ಲಾ ಹೆಗಲ ಚೀಲದಾಗ.

ವೆಜ್ ಮಂದಿಗಿ ನಾನು ಹೇಳೋದು ಲಿಟಲ್ ಇಂಡಿಯಾ ಇಲ್ಲ ಫ್ಯಾರರ್ ಪಾರ್ಕ್ ಕಡೆ. ಒಂದನೇದು ಊಟ, ಸೆರಂಗೂನ್ ರೋಡಿನ ಮ್ಯಾಲ ಕೋಮಲ ವಿಲಾಸ್ 1947ರಿಂದ ಅದ, ಇಡ್ಲಿ ದ್ವಾಸಿ ಅನ್ನ ಸಾರು ಬಾಳಿಎಲಿ ಊಟ ಎಲ್ಲಾ ಸಿಗ್ತದ, ಅದರ ಆಜೂಬಾಜೂ ಇನ್ನೂ ಎಷ್ಟೋ ವೆಜ್ ಹೋಟೆಲ್ ಅವ, ಮುಸ್ತಫಾ ಅಂಗಡಿನೂ ಅಲ್ಲೇ, ಏನರ ಮರತು ಬಂದಿದ್ರ ಸೂಜಿ ದಾರದಿಂದ ಸೂಟ್‌ಕೇಸ್ ತನಕ ಸಿಗ್ತದ. ಎರಡನೇದು ರೈಲು, ಅಲ್ಲಿಂದ ನಾರ್ತ್ ಈಸ್ಟ್ ಲೈನ್ ಮೆಟ್ರೋ ಹತ್ತಿದ್ರ ಬದಲಿ ಮಾಡದೇ ಸೀದಾ ಹಾರ್ಬರ್‌ಫ್ರಂಟ್. ಮರೀನಾ ಬೇ ಟರ್ಮಿನಲ್ ಆದ್ರ ಧೋಬಿ ಘಾಟ್‌ನ್ಯಾಗ ಇಳಿದು ಲೈನ್ ಬದಲಿಸಿ ಕೊನೀ ಸ್ಟೇಷನ್ ಮರೀನಾ ಸೌತ್ ಪಿಯರ್‌ತನಕ ಹೋಗಬೇಕು, ಮುಂದ ಬ್ಯಾಗ್ ಎಳ್ಕೊಂಡು ನಡೀಬೇಕು. (ಹೌದ್ರಿ, ಸಿಂಗಾಪುರದಾಗ ಧೋಬಿ ಘಾಟ್ ಅಂತ ಸ್ಟೇಷನ್ ಅದ, ನಮ್ಮ ಅವ್ವ ಬೋರ್ಡ್ ಓದಿಸ್ಕೊಂಡು ಭಾಳ ನಕ್ಕಿದ್ಲು.) ನಿಮ್ಮ ಅತ್ತಿಯವ್ರನ್ನ ನಡಸಬ್ಯಾಡ್ರಿ, ಹಡಗು ಹತ್ತೋ ದಿನ ಟ್ಯಾಕ್ಸಿನೇ ಮಾಡ್ರಿ, ಆದ್ರ ಅಲ್ಲಿ ಸಾದಾ ಟ್ಯಾಕ್ಸಿಗಿ ನಾಲ್ಕು ಮಂದಿ ಮಾತ್ರ, ನಮ್ಮ ಆಟೋ ಗತೆ ಐದನೇದವ್ರನ್ನ ತೊಡಿ ಮ್ಯಾಲ ಕೂಡಿಸ್ಕೊಳಂಗಿಲ್ಲ, ಆರು ಸೀಟಿನ ದೊಡ್ಡ ಗಾಡಿ ಹಿಂದಿನ ದಿನವೇ ಹೇಳ್ರಿ.

ಆ ಕಡೆ ಹೋಟೆಲ್ ರೂಮ್ ಸಣ್ಣವ, ಸಣ್ಣವಂದ್ರ ಸೂಟ್‌ಕೇಸ್ ತೆರದಿಟ್ರ ಬಾಗಲ ತೆರಿಯಂಗಿಲ್ಲ. ಕಡಿಮಿ ರೇಟಿನ ರೂಮಿಗಿ ಕಿಟಕಿನೇ ಇರಂಗಿಲ್ಲ, ಬುಕ್ ಮಾಡೋ ಮುಂದ ‘ಕಿಟಕಿ ಅದ’ ಅಂತ ಬರದದ್ದು ನೋಡಿಕೊಂಡೇ ಮಾಡ್ರಿ. ಐದು ಮಂದಿಗಿ ಎರಡು ರೂಮ್ ಬೇಕಾಗ್ತವ. ಮತ್ತ ರೇಟಿನ ಮುಂದ ಎರಡು ಪ್ಲಸ್ ಗುರುತು ಇದ್ರ 10 ಪರ್ಸೆಂಟ್ ಸರ್ವಿಸ್ ಚಾರ್ಜು, ಅದರ ಮ್ಯಾಲ 9 ಪರ್ಸೆಂಟ್ ಜಿಎಸ್‌ಟಿ ಕೂಡ್ತದಂತ ತಿಳ್ಕೋರಿ, ಹೋಟೆಲ್ ಊಟದ ಬಿಲ್ಲಿಗೂ ಅದೇ ಕಥಿ. ನೀರು ಕೊಳ್ಳಬ್ಯಾಡ್ರಿ, ನಳದ ನೀರೇ ಕುಡೀಲಿಕ್ಕಿ ಬರ್ತದ.

ಹಡಗಿನ ಊಟಕ್ಕ ಚಿಂತಿ ಇಲ್ಲ, ಸಿಂಗಾಪುರದಿಂದ ಹೊರಡೋ ದೊಡ್ಡ ಹಡಗಿನ್ಯಾಗ ನಮ್ಮ ಮಂದಿ ಭಾಳ ಇರ್ತಾರ, ಬುಫೆದಾಗ ಅನ್ನ ಬ್ಯಾಳಿ ಪಲ್ಯ ಇದ್ದೇ ಇರ್ತದ. ಆದ್ರೂ ವೆಜ್ ಇಲ್ಲ ಜೈನ್ ಅಂತ ಬುಕಿಂಗ್‌ನ್ಯಾಗೇ ಬರೆಸ್ರಿ, ಹತ್ತಿದ ಮ್ಯಾಲ ಡೈನಿಂಗ್ ಹಾಲಿನವ್ರಿಗಿ ಮತ್ತೊಮ್ಮೆ ಹೇಳ್ರಿ. ಜಾಗ್ರತಿ ಬೇಕಾದದ್ದು ಬಂದರಿನ್ಯಾಗ ಇಳಿದಾಗ. ಥಾಯ್ಲೆಂಡ್‌ದಾಗ ಬರೇ ಕಾಯಿಪಲ್ಯ ಕಾಣಸ್ತದ, ಒಳಗ ಮೀನಿನ ಸಾಸ್ ಇರ್ತದ. ಹಳದಿ ಬಟ್ಟಿ ಇಲ್ಲ ಬೋರ್ಡಿನ ಮ್ಯಾಲ ಕೆಂಪು ಥಾಯ್ ಅಕ್ಷರ ಬರದಿದ್ದು ಹುಡುಕ್ರಿ, ಅದಕ್ಕ ಅವ್ರು ‘ಜೇ’ ಅಂತಾರ, ಆ ಅಡಗಿಯಾಗ ಮಾಂಸ ಮೀನು ತತ್ತಿ ಹಾಲು ಏನೂ ಇರಂಗಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಸೈತ ಹಾಕಂಗಿಲ್ಲ. ಪೆನಾಂಗ್‌ದಾಗ ಆ ತ್ರಾಸ ಇಲ್ಲ, ಹಡಗು ನಿಲ್ಲೋದು ಜಾರ್ಜ್‌ಟೌನ್ ಊರ ಮಗ್ಗಲೇ, ಅಲ್ಲಿಂದ ಸ್ವಲ್ಪ ನಡೆದ್ರ ಅಲ್ಲಿನ ಲಿಟಲ್ ಇಂಡಿಯಾ.

ಮನಿಯಿಂದ ರೊಟ್ಟಿ ಒಯ್ಯೋದು ನಮ್ಮ ಜನಕ್ಕ ಹೇಳಿ ಬಿಡಿಸಲಿಕ್ಕಿ ಆಗಂಗಿಲ್ಲ, ನನಗೂ ಆಗಿಲ್ಲ. ಅವ್ವ ನಲವತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಹುಣಚಿ ತೊಕ್ಕು ಕಟ್ಟಿದ್ಲು. ಸಿಂಗಾಪುರದಾಗ ಇಳಿಯೋ ಮುಂದ ಯಾರೂ ಏನೂ ಅನ್ನಲಿಲ್ಲ, ಹಡಗು ಹತ್ತೋ ಮುಂದ ಸ್ಕ್ಯಾನ್ ಮಷೀನಿನ್ಯಾಗ ಸಿಕ್ಕಿತು. ಮನ್ಯಾಗ ಮಾಡಿದ ಅಡಗಿ ಹಡಗಿನೊಳಗ ಬಿಡಂಗಿಲ್ಲ, ಸೀಲ್ ಇದ್ದ ಪಾಕೀಟ್ ಆದ್ರ ನಡೀತದ ಅಂದ್ರು, ಬಹುತೇಕ ಹಡಗಿನವ್ರ ನಿಯಮ ಹಿಂಗೇ ಅದ. ಅವ್ವ ಚೆಲ್ಲಲಿಕ್ಕಿ ಒಪ್ಪಲಿಲ್ಲ. ಅಲ್ಲೇ ಬೆಂಚಿನ ಮ್ಯಾಲ ಗಂಟು ಬಿಚ್ಚಿ ಕುಂತ್ವಿ, ಮಗ್ಗಲಿಗಿ ಒಂದು ಗುಜರಾತಿ ಕುಟುಂಬ, ಅವ್ರ ಥೇಪ್ಲಾಗೂ ಅದೇ ಗತಿ ಆಗಿತ್ತು, ಅವ್ರು ನಮ್ಮ ರೊಟ್ಟಿ ಕಟಂ ಕಟಂ ತಿಂದ್ರು, ನಾವು ಅವ್ರ ಥೇಪ್ಲಾ ಖಾಲಿ ಮಾಡಿದ್ವಿ. ಹಂಗಾಗಿ ರೊಟ್ಟಿ ಏನಿದ್ರೂ ಮೊದಲ ರಾತ್ರಿ ಹೋಟೆಲ್‌ದಾಗ ಮುಗಿಸ್ರಿ. ಇನ್ನೊಂದು, ಸಿಂಗಾಪುರಕ್ಕ ಗಸಗಸಿ ಒಯ್ಯಬ್ಯಾಡ್ರಿ, ಮಸಾಲಿ ಪುಡಿ ಉಂಡಿಯಾಗ ಹಾಕಿದ್ದೂ ಬ್ಯಾಡ, ಅಲ್ಲಿ ಅದು ನಿಷೇಧ. ಗುಟ್ಕಾ ತಂಬಾಕು ಪುಡಿ ಅಂತೂ ಅಪರಾಧ, ಮನ್ಯಾಗ ಯಾರಿಗರ ಚಟ ಇದ್ರ ಕಿಸೆ ಝಾಡಿಸಿ ಕರ್ಕೊಂಡು ಹೋಗ್ರಿ.

ಬಂದರುಗಳ ತಿರುಗಾಟದಾಗ ಮೊದಲು ನೋಡೋದು ದೂರ. ಬ್ರೋಷರ್‌ನ್ಯಾಗ ದೊಡ್ಡ ಊರಿನ ಹೆಸರು ಹಾಕ್ತಾರ, ಹಡಗು ನಿಲ್ಲೋದು ಬ್ಯಾರೆ ಕಡೆ. ಗಾಣಗಾಪುರ ರೋಡ್ ಸ್ಟೇಷನ್‌ನ್ಯಾಗ ಇಳಿದವ್ರಿಗಿ ಇದು ಹೇಳಬೇಕಾಗಿಲ್ಲ, ದತ್ತನ ಗುಡಿ ಇನ್ನೂ 20 ಕಿಲೋಮೀಟರ್ ಮ್ಯಾಲ ಇರ್ತದ. ಕೌಲಾಲಂಪುರ ಅಂದ್ರ ಪೋರ್ಟ್ ಕ್ಲಾಂಗ್, ತಾಸಿನ ಮ್ಯಾಲ ದಾರಿ. ಬ್ಯಾಂಕಾಕ್ ಅಂದ್ರ ಲಾಮ್ ಚಬಾಂಗ್, ಎರಡು ತಾಸು. ನಿಮ್ಮ ರೂಟಿನ್ಯಾಗ ಪೆನಾಂಗ್ ಆರಾಮ್, ಫುಕೆಟ್‌ನ್ಯಾಗ ಕೆಲವು ಹಡಗು ಪಟಾಂಗ್ ಬೀಚ್ ಹತ್ರ ಸಮುದ್ರದಾಗೇ ಲಂಗರು ಹಾಕಿ ಸಣ್ಣ ಬೋಟಿನ್ಯಾಗ ದಂಡಿಗಿ ಒಯ್ತಾರ. ಆ ಬೋಟ್ ಅಲುಗಾಡ್ತದ, ಹತ್ತಿ ಇಳಿಯೋದು ಮೊಳಕಾಲು ನೋವಿನವ್ರಿಗಿ ಕಷ್ಟ. ಅತ್ತಿಯವ್ರು ಒಲ್ಲೆ ಅಂದ್ರ ಜುಲುಮಿ ಮಾಡಬ್ಯಾಡ್ರಿ, ಅವತ್ತು ಹಡಗು ಖಾಲಿ ಇರ್ತದ, ಮ್ಯಾಲಿನ ಡೆಕ್ಕಿನ್ಯಾಗ ಚಹಾ ಕುಡ್ಕೊಂತ ಕುಂದ್ರೋದು ಅವ್ರಿಗೇ ಛಲೋ ಅನಸ್ತದ. ಪೆನಾಂಗ್‌ದಾಗ ಕೆಕ್ ಲೋಕ್ ಸಿ ಬೌದ್ಧ ಮಂದಿರ, ಗುಡ್ಡ ಹತ್ತೋ ರೈಲು, ಜಾರ್ಜ್‌ಟೌನ್ ಹಳೀ ಓಣಿ ಇಷ್ಟರಾಗ ಎರಡು ಸಾಕು. ಫುಕೆಟ್‌ನಿಂದ ಫೀಫೀ ದ್ವೀಪಕ್ಕ ಹೊರಗಿನ ಬೋಟಿನವ್ರ ಜೋಡಿ ಹೋಗಬ್ಯಾಡ್ರಿ, ಹೊತ್ತಾದ್ರ ನಿಮ್ಮನ್ನ ಕೇಳೋರಿಲ್ಲ. ಹಡಗಿನವ್ರದೇ ಟೂರ್ ತುಟ್ಟಿ ಇರ್ತದ, ಆದ್ರ ಅವ್ರ ಬಸ್ ತಡ ಆದ್ರ ಹಡಗು ಕಾಯ್ತದ.

ಗಡಿಯಾರದ ಮಾತು ಮಾತ್ರ ಎಲ್ಲರಿಗೂ ಹೇಳಿಡ್ರಿ. ಥಾಯ್ಲೆಂಡ್ ಟೈಮ್ ಸಿಂಗಾಪುರಕ್ಕಿಂತ ಒಂದು ತಾಸು ಹಿಂದ. ದಂಡಿಗಿ ಇಳಿದ ಕೂಡ್ಲೇ ಮೊಬೈಲ್ ತಾನೇ ಥಾಯ್ ಟೈಮಿಗಿ ಹೋಗ್ತದ, ಹಡಗು ಸಿಂಗಾಪುರ ಟೈಮಿನ ಮ್ಯಾಲೇ ಇದ್ರ ನಿಮ್ಮ ಮೊಬೈಲಿನ್ಯಾಗ 4 ಆದಾಗ ಅಲ್ಲಿ 5. ಇಳಿಯೋ ಮುಂದ ಬಾಗಲ ಹತ್ರ ಬರದದ್ದರ ಫೋಟೋ ತಗೋರಿ, ಒಬ್ಬರ ಕೈಗಿ ಹಳೀ ಕೈಗಡಿಯಾರ ಕಟ್ಟಿ ಹಡಗಿನ ಟೈಮ್ ಇಟ್ಟುಬಿಡ್ರಿ. ಸಮುದ್ರದಾಗ ಇರೋತನಕ ಮೊಬೈಲ್ ಏರ್‌ಪ್ಲೇನ್ ಮೋಡ್‌ನ್ಯಾಗ, ಇಲ್ಲಂದ್ರ ಹಡಗಿನ ಸಿಗ್ನಲ್ ಹಿಡ್ದು ಬಿಲ್ ಬರ್ತದ.

ಕೊನೀ ರಾತ್ರಿ ದೊಡ್ಡ ಬ್ಯಾಗ್ ಕ್ಯಾಬಿನ್ ಹೊರಗ ಇಡ್ರಿ ಅಂತಾರ, ಅವ್ರೇ ಒಯ್ದು ದಂಡಿಗಿ ಹಚ್ತಾರ. ಮುಂಜಾನಿ ಉಡೋ ಬಟ್ಟಿ ತಗದಿಟ್ಕೊಂಡು ಆಮ್ಯಾಲ ಹೊರಗಿಡ್ರಿ. ಇಳಿದು ಹೊರಗ ಬರೋತನಕ 9-10 ಆಗ್ತದ, ಅದೇ ದಿನ ವಾಪಸ್ ಬರೋದಿದ್ರ ಮಧ್ಯಾಹ್ನ 2ಕ್ಕಿಂತ ಮೊದಲಿನ ವಿಮಾನ ಬ್ಯಾಡ. ನಾನಂದ್ರ ಎರಡು ರಾತ್ರಿ ಸಿಂಗಾಪುರದಾಗ ನಿಲ್ರಿ ಅಂತೀನಿ. ಮೊದಲ ದಿನ ಮಧ್ಯಾಹ್ನ ಮಲಗಿ ಸಂಜಿ ಗಾರ್ಡನ್ಸ್ ಬೈ ದ ಬೇ, ಆ ದೊಡ್ಡ ಕಬ್ಬಿಣದ ಗಿಡಗಳ ಲೈಟ್ ಶೋ 7:45ಕ್ಕ ಮತ್ತ 8:45ಕ್ಕ ಇರ್ತದ, ರೊಕ್ಕ ಇಲ್ಲ, ನೆಲಕ್ಕ ಬೆನ್ನು ಹಚ್ಚಿ ಮ್ಯಾಲ ನೋಡೋದೇ ಮಜಾ. ಮರುದಿನ ಸೆಂಟೋಸಾ ದ್ವೀಪ ಇಲ್ಲ ಝೂ, ಒಂದೇ. ನಮ್ಮ ಕಡೀದು ಒಣ ಬಿಸಿಲು, 42 ಆದ್ರೂ ನೆರಳಿಗಿ ಹೋದ್ರ ತಡಕೋತೀವಿ, ಅಲ್ಲಿ 32ಕ್ಕೇ ಮೈ ಜಿಗಿ ಜಿಗಿ ಅಂತದ, ಎರಡು ಕಡೆ ಓಡಾಡಿದ್ರ ಹುಡುಗ್ರೂ ಅಳ್ತಾವ.

ವೀಸಾ ಮಾತು ಬಿಟ್ಟೇ ಹೋಗಿತ್ತು. ಸಿಂಗಾಪುರಕ್ಕ ನೀವು ಎರಡು ಸಲ ಒಳಗ ಬರ್ತೀರಿ, ವಿಮಾನದಿಂದ ಒಮ್ಮೆ ಹಡಗಿಂದ ಒಮ್ಮೆ, ಹಂಗಾಗಿ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು, ಪಾಸ್‌ಪೋರ್ಟ್‌ಗಿ ಆರು ತಿಂಗಳರ ಅವಧಿ ಬೇಕು. ಅರೈವಲ್ ಕಾರ್ಡ್ ಮುಟ್ಟೋಕಿಂತ ಮೊದಲಿನ ಮೂರು ದಿನದ ಒಳಗ ಸರ್ಕಾರದ ಸೈಟಿನ್ಯಾಗ ಪುಕ್ಕಟೆ ತುಂಬೋದು, ರೊಕ್ಕ ಕೇಳಿದ್ರ ಆ ಸೈಟ್ ಬ್ಯಾರೆ ಅಂತ ತಿಳ್ಕೋರಿ, ಹಡಗಿಂದ ವಾಪಸ್ ಬರೋ ಮುಂದೂ ಮತ್ತ ತುಂಬಬೇಕು. ಮಲೇಷ್ಯಾ ಥಾಯ್ಲೆಂಡ್ ನಿಯಮ ಆಗಾಗ ಬದಲಾಗ್ತಾವ, ಹೊರಡೋ ತಿಂಗಳು ಹಡಗಿನವ್ರನ್ನೇ ಕೇಳ್ರಿ. ಮತ್ತ ಬರೋ ವಿಮಾನ ರಾತ್ರಿ ಶಂಶಾಬಾದ್ ಇಳಿದ್ರ ಅಲ್ಲೇ ಎಲ್ಲರ ಮಲಗಿ ಬೆಳಗಾದ ಮ್ಯಾಲ ತಾಂಡೂರ ದಾರಿ ಹಿಡೀರಿ, ಗಾಡಿ ಡ್ರೈವರ್‌ಗಿ ಈಗೇ ಹೇಳಿಡ್ರಿ.